ಹಡಗಿನ ದರ ಮಾತ್ರ ನೋಡಿ ಮುಂಗಡ ಕೊಡಬೇಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ನನ್ನ ಪರಿಚಯದ ಮೂರು ಮನೆಯವರು ಈ ವರ್ಷ ಸಿಂಗಾಪುರದ ಕ್ರೂಸಿಗೆ ಹೊರಡುವ ಮಾತಾಡುತ್ತಿದ್ದಾರೆಂದು ತಿಳಿದ ಮೇಲೆ ಇದನ್ನು ಬರೆಯದೆ ಇರಲಾರೆ ಎನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ನಾನು ಎರಡು ಕೊಟೇಶನ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಯಾವುದು ನಿಜವಾಗಿ ಕಡಿಮೆ ಎಂದು ತಿಳಿಯದೆ ಹೋದೆ ಎಂಬುದನ್ನು ಊರವರ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ನಾನು ಸುಮ್ಮನಿದ್ದರೆ ಟ್ರಾವೆಲ್ ಏಜೆಂಟರ ಅದೇ ಮೇಜಿನ ಎದುರು ನಾಳೆ ನೀವು ಕುಳಿತಿರುತ್ತೀರಿ.

ನಾವು ಹೋದದ್ದು 2025ರ ಜನವರಿಯಲ್ಲಿ. ನಾನು, ನನ್ನ ಹೆಂಡತಿ, ಅಕ್ಕ ಮತ್ತು ಭಾವ, ಒಟ್ಟು ನಾಲ್ಕು ಜನ. ಅಡಿಕೆ ಮಾರಿದ ದುಡ್ಡಿನಲ್ಲಿ ಭಾವನ ಪಾಲು, ನನ್ನ ಪಿಂಚಣಿಯ ಉಳಿತಾಯದಲ್ಲಿ ನಮ್ಮ ಪಾಲು. ಮಂಗಳೂರಿನ ಒಂದು ಟ್ರಾವೆಲ್ ಕಚೇರಿಯಲ್ಲಿ 2024ರ ಅಕ್ಟೋಬರಿನಲ್ಲಿ ನಮಗೆ ಎರಡು ಕಂಪೆನಿಗಳ ದರಪಟ್ಟಿ ಕೊಟ್ಟರು. ಎರಡೂ ಸಿಂಗಾಪುರದಿಂದ ಹೊರಟು ಸಿಂಗಾಪುರಕ್ಕೇ ಮರಳುವ ನಾಲ್ಕು ರಾತ್ರಿಯ ಪ್ರಯಾಣ, ಎರಡರಲ್ಲೂ ಕಿಟಕಿಯಿಲ್ಲದ ಒಳಗಿನ ಕೋಣೆ. ಮೊದಲನೆಯದು ತಲೆಗೆ 38,000 ರೂಪಾಯಿ, ಕೌಲಾಲಂಪುರ ಮತ್ತು ಫುಕೆಟ್. ಎರಡನೆಯದು ತಲೆಗೆ 46,500 ರೂಪಾಯಿ, ಪೆನಾಂಗ್ ಮತ್ತು ಫುಕೆಟ್. ನಾಲ್ವರಿಗೆ ಲೆಕ್ಕ ಹಾಕಿದರೆ 34,000 ರೂಪಾಯಿ ವ್ಯತ್ಯಾಸ. ನಾವು ಮೊದಲನೆಯದನ್ನು ಹಿಡಿದೆವು. ಯಾರಾದರೂ ಅದನ್ನೇ ಹಿಡಿಯುತ್ತಿದ್ದರು.

ನಾನು ಕೇಳದೆ ಇರಲಿಲ್ಲ. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಕೊನೆಗೆ ಅವರು ನನ್ನ ಮೇಲೆ ಹೊರಿಸಿದ ತಪ್ಪು ಇದೇ. 2016ರಲ್ಲಿ ನಾವಿಬ್ಬರೂ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಎಂ.ವಿ. ಕವರತ್ತಿ ಹಡಗಿನಲ್ಲಿ 'ಸಮುದ್ರಂ' ಪ್ರವಾಸಕ್ಕೆ ಹೋಗಿದ್ದೆವು. ಅಲ್ಲಿ ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇಳಿದು ಸುತ್ತುವುದು, ಮಧ್ಯಾಹ್ನದ ಊಟ, ಇವೆಲ್ಲ ಕೊಟ್ಟ ದರದಲ್ಲೇ ಸೇರಿದ್ದವು. ಹಡಗಿನ ಪ್ರವಾಸವೆಂದರೆ ಇಷ್ಟೇ ಎಂದು ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಆದರೂ ಮಂಗಳೂರಿನ ಆ ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿದೆ: "ಇಳಿದು ಊರು ನೋಡುವುದೆಲ್ಲ ಇದರಲ್ಲೇ ಬಂತಲ್ಲ?" ಅವರ ಉತ್ತರ ಹೀಗಿತ್ತು: "ಎಲ್ಲ ಬಂತು ಮಾಷ್ಟ್ರೇ. ಕೌಲಾಲಂಪುರ ಇದೆ, ಫುಕೆಟ್ ಇದೆ. ನೀವು ಬಟ್ಟೆಬರೆ ಕಟ್ಟಿಕೊಂಡು ಬಂದರೆ ಸಾಕು." ಆ ಮಾತನ್ನು ಕೇಳಿದ ಮೇಲೆಯೇ ತಲೆಗೆ 20,000ದಂತೆ 80,000 ರೂಪಾಯಿ ಮುಂಗಡ ಕೊಟ್ಟದ್ದು. ಪ್ರಯಾಣ ರದ್ದು ಮಾಡಿದರೆ ಆ ಹಣ ಮರಳುವುದಿಲ್ಲವೆಂದು ರಸೀದಿಯ ಕೆಳಗೆ ಇತ್ತು.

ನವೆಂಬರಿನಲ್ಲಿ ಬಾಕಿ ಹಣದ ಬಿಲ್ಲು ಬಂತು. ಅದರಲ್ಲಿ 'ಬಂದರು ಶುಲ್ಕ ಮತ್ತು ತೆರಿಗೆ' ಎಂದು ತಲೆಗೆ 8,900 ರೂಪಾಯಿ ಬೇರೆಯಾಗಿ ಸೇರಿಸಿದ್ದರು. ನಾಲ್ವರಿಗೆ 35,600. ಅಂದರೆ ನಾವು ಉಳಿಸಿದೆವೆಂದುಕೊಂಡಿದ್ದ 34,000 ಆ ಒಂದೇ ಸಾಲಿನಲ್ಲಿ ಹೋಯಿತು. ಆಗ ನಾನು ಎರಡನೆಯ ಕಂಪೆನಿಯ ಕೊಟೇಶನ್ ತೆಗೆದು ಮತ್ತೊಮ್ಮೆ ನೋಡಿದೆ. ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಬಂದರು ಶುಲ್ಕ, ತೆರಿಗೆ, ಟಿಪ್ಸ್ ಎಲ್ಲ ಸೇರಿದ ದರವೆಂದು ಬರೆದಿತ್ತು. ಒಬ್ಬರದು ಎಲ್ಲ ಸೇರಿಸಿ ಹೇಳಿದ ದರ, ಇನ್ನೊಬ್ಬರದು ಬರಿಯ ಕೋಣೆಯ ದರ. ಎರಡನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದುಕೊಟ್ಟು ಯಾವುದು ಬೇಕೆಂದು ನನ್ನನ್ನು ಕೇಳಿದ್ದರು. ಫೋನು ಮಾಡಿದರೆ, "ಅದು ಸರಕಾರಕ್ಕೆ ಹೋಗುವುದು ಮಾಷ್ಟ್ರೇ, ನಮಗೆ ಒಂದು ಪೈಸೆ ಇಲ್ಲ" ಎಂದರು. ಯಾರಿಗೆ ಹೋಗುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ. ಮೊದಲೇ ಏಕೆ ಹೇಳಲಿಲ್ಲ ಎಂಬುದು ನನ್ನ ಪ್ರಶ್ನೆಯಾಗಿತ್ತು. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ಇದರ ಮೇಲೆ ವಿದೇಶ ಪ್ರವಾಸದ ಟಿಸಿಎಸ್ (ಹಣ ಪಡೆಯುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಎಂದು ಆಗಿನ ನಿಯಮದಂತೆ ಶೇಕಡಾ 5 ಹಿಡಿದರು. ಅದು ನಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ, ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸುವಾಗ ಕೇಳಿ ಪಡೆಯಬಹುದು. ಅದನ್ನೂ ಅವರು ಹೇಳಲಿಲ್ಲ, ಪರಿಚಯದ ಲೆಕ್ಕಪರಿಶೋಧಕರು ಹೇಳಿದರು.

ಮುಂಗಡದ 80,000 ಬಿಟ್ಟುಕೊಡುವ ಧೈರ್ಯ ನಮಗಿರಲಿಲ್ಲ. ಬಾಕಿಯನ್ನು ಕಟ್ಟಿದೆವು. ಟಿಪ್ಸ್‌ನ ವಿಷಯ ಗೊತ್ತಾದದ್ದು ಹಡಗಿನೊಳಗೆ ಕಾಲಿಟ್ಟ ಮೇಲೆ: ದಿನಕ್ಕೆ ತಲೆಗೆ 16 ಡಾಲರ್, ಕೇಳದೆಯೇ ನಮ್ಮ ಕೋಣೆಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನಾಲ್ಕು ದಿನಕ್ಕೆ ನಾಲ್ವರಿಗೆ 256 ಡಾಲರ್, ಹತ್ತಿರಹತ್ತಿರ 22,000 ರೂಪಾಯಿ. ದೊಡ್ಡ ಹಡಗುಗಳಲ್ಲಿ ಇದು ಸಾಮಾನ್ಯ ಪದ್ಧತಿಯೇ ಎಂದು ಈಗ ತಿಳಿದಿದೆ. ಆಗ ತಿಳಿದಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ದುಡ್ಡಿನ ನಷ್ಟವೆಂದು ಬಿಟ್ಟುಬಿಡುತ್ತಿದ್ದೆ. ನನ್ನ ಸಿಟ್ಟು ಎರಡನೆಯ ದಿನದ್ದು.

ನನ್ನ ಅಕ್ಕ ಷಷ್ಠಿಯ ಉಪವಾಸ ತಪ್ಪಿಸಿದವಳಲ್ಲ. ಕೌಲಾಲಂಪುರದ ಹತ್ತಿರ ಬಾಟು ಕೇವ್ಸ್ ಎಂಬ ಸುಣ್ಣಕಲ್ಲಿನ ಗುಡ್ಡದ ಗುಹೆಯಲ್ಲಿ ಮುರುಗನ ಸನ್ನಿಧಿ ಇದೆ, 272 ಮೆಟ್ಟಿಲು, ಕೆಳಗೆ 42.7 ಮೀಟರ್ ಎತ್ತರದ ಮೂರ್ತಿ. ಅಕ್ಕ ಈ ಪ್ರವಾಸಕ್ಕೆ ಒಪ್ಪಿದ್ದೇ ಅದಕ್ಕಾಗಿ. "ಹತ್ತಲಿಕ್ಕೆ ಆಗದಿದ್ದರೆ ಕೆಳಗೆ ನಿಂತೇ ಕೈಮುಗಿಯುತ್ತೇನೆ" ಎಂದು ಹೇಳಿ, ಮನೆಯಿಂದ ಹೊರಡುವಾಗಲೇ ಅರಸಿನ ಹಚ್ಚಿದ ಬಟ್ಟೆಯ ಚೂರಿನಲ್ಲಿ ಕಾಣಿಕೆ ಕಟ್ಟಿಕೊಂಡಿದ್ದಳು. ಆ ದಿನ ಬೆಳಿಗ್ಗೆ ಐದು ಗಂಟೆಗೇ ಸ್ನಾನ ಮುಗಿಸಿ ಕೆಂಪಂಚಿನ ಸೀರೆ ಉಟ್ಟು ಕುಳಿತಿದ್ದಳು.

ಹಡಗು ಬಂದರಿನ ಧಕ್ಕೆಗೆ ತಾಗಿತು. ನಾವು ಇಳಿದೆವು. ಎದುರಿಗೆ ಬಸ್ಸುಗಳು ಸಾಲಾಗಿ ನಿಂತಿದ್ದವು, ಇಳಿದವರೆಲ್ಲ ಅವುಗಳಿಗೆ ಹತ್ತುತ್ತಿದ್ದರು. ಎಲ್ಲರ ಎದೆಯ ಮೇಲೂ ಸಂಖ್ಯೆ ಬರೆದ ಒಂದೊಂದು ದುಂಡಗಿನ ಸ್ಟಿಕ್ಕರ್ ಇತ್ತು. ನಮ್ಮ ನಾಲ್ವರಿಗೂ ಇರಲಿಲ್ಲ. ಪಟ್ಟಿ ಹಿಡಿದು ನಿಂತಿದ್ದ ಹುಡುಗಿ ನಮ್ಮ ಕೋಣೆಯ ಕಾರ್ಡುಗಳನ್ನು ನೋಡಿದಳು, ಬೆರಳಿಟ್ಟು ಪಟ್ಟಿಯ ಎರಡೂ ಪುಟಗಳನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು, ಮತ್ತೊಮ್ಮೆ ಹುಡುಕಿದಳು, ಆಮೇಲೆ ತಲೆಯಾಡಿಸಿದಳು. ನಮ್ಮ ಹೆಸರಿಲ್ಲ. ನನಗೆ ಆಗಲೂ ಅರ್ಥವಾಗಲಿಲ್ಲ. ಏನೋ ತಪ್ಪಾಗಿದೆ, ಇನ್ನೊಂದು ಪಟ್ಟಿ ಇರಬೇಕೆಂದು ಅವಳೊಂದಿಗೆ ವಾದಿಸಿದೆ. ಹಿಂದೆ ಜನ ಕಾಯುತ್ತಿದ್ದರು. ಅವಳು ಬಹಳ ಮರ್ಯಾದೆಯಿಂದ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದಳು. ಬಸ್ಸುಗಳು ಒಂದೊಂದಾಗಿ ಹೋದವು.

ಅದು ಕೌಲಾಲಂಪುರವೇ ಅಲ್ಲ. ಅದು ಪೋರ್ಟ್ ಕ್ಲಾಂಗ್ ಎಂಬ ಬಂದರು. ಅಲ್ಲಿಂದ ಕೌಲಾಲಂಪುರಕ್ಕೆ ಕಾಸರಗೋಡಿನಿಂದ ಮಂಗಳೂರಿಗೆ ಇರುವಷ್ಟಾದರೂ ದೂರ. ಹಡಗಿನ ಒಳಗೆ, ದಡದ ಮೇಲಿನ ತಿರುಗಾಟ ಏರ್ಪಡಿಸುವ ಶೋರ್ ಎಕ್ಸ್‌ಕರ್ಷನ್ ಮೇಜಿನಲ್ಲಿ ವಿಚಾರಿಸಿದರೆ, ಊರು ತೋರಿಸುವ ಬಸ್ಸಿಗೆ ತಲೆಗೆ 89 ಡಾಲರ್, ನಾಲ್ವರಿಗೆ ಸುಮಾರು 30,600 ರೂಪಾಯಿ, ಅದೂ ಹಿಂದಿನ ದಿನವೇ ಮುಗಿದುಹೋಗಿದೆ ಎಂದರು.

ಅಲ್ಲಿಂದಲೇ ಏಜೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ಒಂದೂವರೆ ಗಂಟೆಯ ನಂತರ ಬಂದ ಉತ್ತರವನ್ನು ಇಂದಿಗೂ ಅಳಿಸಿಲ್ಲ: "ಕೌಲಾಲಂಪುರ ಭೇಟಿ ಎಂದರೆ ಹಡಗು ಅಲ್ಲಿಗೆ ಹೋಗುತ್ತದೆ ಅಂತ ಸರ್. ನೀವು ಊರಿನೊಳಗೆ ಹೋಗುವುದು ನಿಮ್ಮ ಇಷ್ಟ, ಅದು ಪ್ಯಾಕೇಜಿನಲ್ಲಿ ಬರುವುದಿಲ್ಲ." ಬಾಕಿ ಕಟ್ಟುವವರೆಗೆ ಮಾಷ್ಟ್ರೇ, ಆ ದಿನ ಸರ್. ಹಡಗೂ ಅಲ್ಲಿಗೆ ಹೋಗಿರಲಿಲ್ಲವಲ್ಲ ಎಂದು ಬರೆದೆ. "ಕೊಟೇಶನ್‌ನಲ್ಲಿ ಪೋರ್ಟ್ ಕ್ಲಾಂಗ್ ಅಂತ ಇದೆ, ನೋಡಿ" ಎಂದರು. ನೋಡಿದೆ. 'ಕೌಲಾಲಂಪುರ' ಎಂಬ ದಪ್ಪ ಅಕ್ಷರದ ಪಕ್ಕದಲ್ಲಿ ತೆಳ್ಳಗೆ ಇತ್ತು, ನಿಜ.

ಹೊರಗೆ ಟ್ಯಾಕ್ಸಿಯವರು ಹೋಗಿಬರಲು 480 ರಿಂಗಿಟ್ ಕೇಳಿದರು, ಸುಮಾರು 9,200 ರೂಪಾಯಿ. ಮಧ್ಯಾಹ್ನ ಮೂರೂವರೆಗೆ ಎಲ್ಲರೂ ಹಡಗಿನೊಳಗೆ ಇರಬೇಕಿತ್ತು. ಹಡಗಿನವರು ಏರ್ಪಡಿಸಿದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರು ತಡಮಾಡಿದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ಅವರೇ ಖರ್ಚು ಮಾಡಿಕೊಂಡು ಬರಬೇಕು. ಇದು ಎಲ್ಲ ಕಡೆಯ ನಿಯಮ. ಅದನ್ನು ಕೇಳಿ ಅಕ್ಕ ಹೆದರಿದಳು. "ಬೇಡ ಮಾರಾಯ, ನನ್ನಿಂದ ನಿಮಗೆಲ್ಲ ತೊಂದರೆ ಆಗುವುದು ಬೇಡ, ಇಲ್ಲೇ ಕೂರುವ" ಎಂದಳು. ಈಗ ಯೋಚಿಸಿದರೆ ಸಮಯ ಸಾಕಷ್ಟಿತ್ತು, ಹೋಗಿಬರಬಹುದಿತ್ತು. ಆಗ ಯಾರ ಮಾತನ್ನು ನಂಬುವುದೆಂದೇ ತಿಳಿಯದ ಸ್ಥಿತಿ ನನ್ನದು. ಅಕ್ಕ ಆ ಸೀರೆಯಲ್ಲೇ ಮಧ್ಯಾಹ್ನದವರೆಗೂ ಮೇಲಿನ ಡೆಕ್ಕಿನ ಕುರ್ಚಿಯಲ್ಲಿ ಕುಳಿತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ಬಂದರಿನ ಕ್ರೇನುಗಳು ಮಾತ್ರ. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ.

ಮರುದಿನ ಫುಕೆಟ್‌ನಲ್ಲಿ ಹೆದರಿಕೆಯಿಂದ ಹಡಗಿನವರದ್ದೇ ತಿರುಗಾಟಕ್ಕೆ ತಲೆಗೆ 79 ಡಾಲರ್ ಕೊಟ್ಟೆವು. ಅಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಪಟಾಂಗ್ ಕಡಲಿನಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಅಲುಗಾಡುವ ದೋಣಿಗೆ ಕಾಲಿಡಲು ಮೊಣಕಾಲು ನೋವಿನ ಭಾವನಿಂದ ಆಗಲಿಲ್ಲ. ಅವರ 79 ಡಾಲರ್ ಮರಳಲಿಲ್ಲ, ಹಿಂದಿನ ದಿನವೇ ರದ್ದು ಮಾಡಬೇಕಿತ್ತಂತೆ. ಇದೂ ಏಜೆಂಟರು ಮೊದಲೇ ಹೇಳಬೇಕಾದ ವಿಷಯ. ಭಾವ ಕೋಲೂರಿಕೊಂಡೇ ಅವರ ಕಚೇರಿಯ ಮೆಟ್ಟಿಲು ಹತ್ತಿದ್ದರು, ಅವರ ಕಣ್ಣಿಗೆ ಕಾಣದ್ದಲ್ಲ.

ಊರಿಗೆ ಬಂದ ಮೇಲೆ ಲೆಕ್ಕ ಹಾಕಿದೆ. ಫುಕೆಟ್‌ನ ಖರ್ಚು ಎರಡು ಕಂಪೆನಿಯಲ್ಲೂ ಬರುವಂಥದ್ದು, ಅದನ್ನು ಹಿಡಿಯುವುದಿಲ್ಲ. ಟಿಸಿಎಸ್ ಕೂಡ ಬಿಡುತ್ತೇನೆ. ಕೋಣೆ, ಬಂದರು ಶುಲ್ಕ, ಟಿಪ್ಸ್ ಮಾತ್ರ ಕೂಡಿದರೆ ನಮ್ಮದು 2,09,600 ರೂಪಾಯಿ. ಹೆಚ್ಚೆಂದು ಬಿಟ್ಟ ಎರಡನೆಯದು 1,86,000. ಇಷ್ಟೇ ಅಲ್ಲ. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಧಕ್ಕೆ ಜಾರ್ಜ್‌ಟೌನ್ ಪೇಟೆಯ ಅಂಚಿನಲ್ಲೇ ಇದೆ. ಇಳಿದು ನಡೆದರೆ ಸಾಕು, 1833ರ ಮಹಾಮಾರಿಯಮ್ಮನ್ ದೇವಸ್ಥಾನ, ಲಿಟಲ್ ಇಂಡಿಯಾದ ಬೀದಿಗಳು, ಕಪಿತಾನ್ ಕೆಲಿಂಗ್ ಮಸೀದಿ ಎಲ್ಲ ಕಾಲ್ನಡಿಗೆಯ ದೂರದಲ್ಲಿವೆ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪೇಟೆ ಅದು. ಬಸ್ಸಿಗೆ 89 ಡಾಲರ್ ಕೊಡುವ ಅಗತ್ಯವೇ ಇಲ್ಲ. ಗುಡ್ಡದ ಮೇಲೆ ಮುರುಗನ ದೊಡ್ಡ ದೇವಸ್ಥಾನ ಅಲ್ಲಿಯೂ ಇದೆ, ಧಕ್ಕೆಯಿಂದ ಕೆಲವೇ ಕಿಲೋಮೀಟರ್. ಇದನ್ನು ನಾನು ಅಕ್ಕನಿಗೆ ಇನ್ನೂ ಹೇಳಿಲ್ಲ.

ಎರಡು ಕಂಪೆನಿಗಳ ದರವನ್ನು ಹೋಲಿಸುವುದೆಂದರೆ ಹಡಗು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಊರಿಗೆ ಎಷ್ಟು ದೂರ, ಆ ದೂರಕ್ಕೆ ಯಾರು ದುಡ್ಡು ಕೊಡಬೇಕು ಎಂಬುದನ್ನೂ ಹೋಲಿಸುವುದು ಎಂದು ಇಷ್ಟು ಕಳೆದುಕೊಂಡ ಮೇಲೆ ಕಲಿತೆ. ಯುರೋಪಿಗೆ ಹೋಗುವವರಿಗೂ ಇದೇ ಕಥೆ: ರೋಮ್ ಎಂದು ಬರೆದರೆ ಹಡಗು ನಿಲ್ಲುವುದು ಎಪ್ಪತ್ತು ಕಿಲೋಮೀಟರ್ ದೂರದ ಚಿವಿಟವೆಕ್ಯದಲ್ಲಿ, ಪ್ಯಾರಿಸ್ ಎಂದರೆ ಇನ್ನೂರು ಕಿಲೋಮೀಟರ್ ಆಚೆಯ ಲೆ ಆವ್ರ್‌ನಲ್ಲಿ. ಬ್ಯಾಂಕಾಕ್ ಎಂದಿದ್ದರೆ ಸಾಮಾನ್ಯವಾಗಿ ಲೇಮ್ ಚಬಾಂಗ್, ನೂರು ಕಿಲೋಮೀಟರಿಗೂ ಹೆಚ್ಚು. ದುಬಾರಿ ಎನ್ನಿಸುವ ಕೆಲವು ಕಂಪೆನಿಗಳು ಈ ತಿರುಗಾಟವನ್ನು ದರದಲ್ಲೇ ಸೇರಿಸುತ್ತವೆ. ವೈಕಿಂಗ್ ಪ್ರತಿ ಬಂದರಿನಲ್ಲಿ ಒಂದನ್ನು ಕೊಡುತ್ತದೆ, ರೀಜೆಂಟ್ ಸೆವೆನ್ ಸೀಸ್‌ನಲ್ಲಿ ಬಹುಪಾಲು ತಿರುಗಾಟಗಳು ಟಿಕೆಟ್ಟಿನಲ್ಲೇ ಬರುತ್ತವೆ. ಅವುಗಳ ದರವನ್ನು ಬರಿಯ ಕೋಣೆಯ ದರದ ಪಕ್ಕದಲ್ಲಿಟ್ಟು ನೋಡುವುದು ತಪ್ಪು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ದರ ಹೇಳಬೇಕೆಂದು ಕಾನೂನು ಬಂದ ಮೇಲೆ ದೊಡ್ಡ ಕ್ರೂಸ್ ಕಂಪೆನಿಗಳು ಆ ದೇಶದ ಜಾಹೀರಾತಿನಲ್ಲಿ ಬಂದರು ಶುಲ್ಕವನ್ನೂ ಕೂಡಿಸಿ ತೋರಿಸತೊಡಗಿದವು. ನಮ್ಮಲ್ಲಿಯೂ 2023ರ ನವೆಂಬರಿನ ಕೇಂದ್ರ ಸರಕಾರದ ಮಾರ್ಗಸೂಚಿ, ದರವನ್ನು ಹೀಗೆ ಹನಿಹನಿಯಾಗಿ ಹೊರಬಿಡುವುದನ್ನು 'ಡ್ರಿಪ್ ಪ್ರೈಸಿಂಗ್' ಎಂದು ಹೆಸರಿಸಿ ನಿಷೇಧಿಸಿದೆ.

ಆದ್ದರಿಂದ, ನಿಮ್ಮ ತಲೆಗೆ ಒಟ್ಟು ಎಷ್ಟು ಎಂಬುದನ್ನು ಬಂದರು ಶುಲ್ಕ, ತೆರಿಗೆ, ಟಿಪ್ಸ್ ಸಹಿತ ಒಂದೇ ಸಂಖ್ಯೆಯಾಗಿ ಬರೆಸಿಕೊಳ್ಳಿ. ಯಾವ ಧಕ್ಕೆಯಲ್ಲಿ ನಿಲ್ಲುತ್ತದೆ, ದೋಣಿಯಲ್ಲಿ ಇಳಿಯಬೇಕೇ, ಊರು ತೋರಿಸುವುದು ಸೇರಿದೆಯೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಅಲ್ಲಿಯೇ ಉತ್ತರ ಪಡೆಯಿರಿ. ಒಂಟಿಯಾಗಿ ಹೋಗುವವರು ಇನ್ನೊಂದು ವಿಷಯ ಗಮನಿಸಿ: ಈ ದರಗಳೆಲ್ಲ ಕೋಣೆಗೆ ಇಬ್ಬರಿದ್ದರೆ ಮಾತ್ರ, ಒಬ್ಬರೇ ಇದ್ದರೆ ಅನೇಕ ಕಡೆ ಇಬ್ಬರ ದರವನ್ನೇ ಹಿಡಿಯುತ್ತಾರೆ. "ಎಲ್ಲ ಬಂತು" ಎಂಬ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಫೆಬ್ರವರಿಯಲ್ಲಿ ನಾನೇ ಅವರ ಕಚೇರಿಗೆ ಹೋದೆ. ಒಳ್ಳೆಯ ಚಹಾ ತರಿಸಿದರು. ನಾನು ಕುಡಿಯಲಿಲ್ಲ. "ಇಷ್ಟು ಓದಿದವರು ನೀವು, ಒಂದು ಮಾತು ಕೇಳಬಹುದಿತ್ತಲ್ಲ ಸರ್" ಎಂದರು. ಕೇಳಿದ್ದೆ ಎಂದೆ. "ನನಗೆ ನೆನಪಿಲ್ಲ" ಎಂದರು. ಅದೇ ಮೇಜು, ಅದೇ ಕುರ್ಚಿ, ಅಕ್ಟೋಬರಿನಲ್ಲಿ ನನ್ನ ಪಕ್ಕದಲ್ಲಿ ಭಾವ ಕುಳಿತಿದ್ದರು, ಅವರಿಗೆ ನೆನಪಿದೆ.

1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇನೆ. ಏಜೆಂಟರು ಮಂಗಳೂರಿನವರಾದರೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಕೊಡಬೇಕಾದ ಕಾಗದಗಳನ್ನು ಭಾವ ಮತ್ತು ನಾನು ಸೇರಿ ಸಿದ್ಧಪಡಿಸುತ್ತಿದ್ದೇವೆ. ಎರಡೂ ಕೊಟೇಶನ್‌ಗಳು, ಬಿಲ್ಲು, ಆ ವಾಟ್ಸ್‌ಆ್ಯಪ್ ಉತ್ತರದ ಪ್ರತಿ ನನ್ನಲ್ಲಿವೆ. ಹೊರಡುವ ಯೋಚನೆಯಲ್ಲಿರುವವರು ಮುಂಗಡ ಕೊಡುವ ಮೊದಲು ನಮ್ಮ ಮನೆಗೆ ಬಂದು ಅವನ್ನು ಒಮ್ಮೆ ನೋಡಿಹೋಗಿ.