ಕೌನ್ಸೆಲಿಂಗ್ ಪ್ರಾಕ್ಟೀಸ್‌ಗೆ ‘ಲೀಡ್ಸ್’ ತಂದುಕೊಡ್ತೀವಿ ಅನ್ನುವವರ ಹತ್ತಿರ ಹುಷಾರು

ಸ್ವಂತ ಕೌನ್ಸೆಲಿಂಗ್ ಪ್ರಾಕ್ಟೀಸ್ ಇಟ್ಟುಕೊಂಡಿರುವವರು, ಇಡಬೇಕು ಅಂತ ಯೋಚನೆ ಮಾಡುತ್ತಿರುವವರು ಇದನ್ನು ಸ್ವಲ್ಪ ಓದಿ. ಕಳೆದುಕೊಂಡದ್ದು 1,27,700 ರೂಪಾಯಿ. ಅದರ ಕಥೆ ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ನನಗೆ ಈಗಲೂ ನಿದ್ದೆ ಕೆಡಿಸುವುದು ಬೇರೆ ವಿಷಯ.

ನನ್ನದು ಎಂಎಸ್ಸಿ ಸೈಕಾಲಜಿ. ಒಂದು ಕಾಲೇಜಿನಲ್ಲಿ ಆರು ವರ್ಷ ಕೌನ್ಸೆಲರ್ ಆಗಿದ್ದು, 2023ರಲ್ಲಿ ಕೆಲಸ ಬಿಟ್ಟು ಮೈಸೂರಿನ ಕುವೆಂಪುನಗರದಲ್ಲಿ ಒಂದು ಮಹಡಿ ರೂಮು ಬಾಡಿಗೆಗೆ ಹಿಡಿದೆ. ಸೆಷನ್‌ಗೆ 800 ರೂಪಾಯಿ. ವಾರಕ್ಕೆ ಆರೇಳು ಜನ ಬರುತ್ತಿದ್ದರು, ಕೆಲವು ವಾರ ಇಬ್ಬರೇ. ಮೈಸೂರು ದೊಡ್ಡ ಊರೇನಲ್ಲ, ಅಲ್ವಾ? ನನ್ನ ಹತ್ತಿರ ಬರುವ ಎಷ್ಟೋ ಜನ ಸ್ಕೂಟರನ್ನು ಎರಡು ಕ್ರಾಸ್ ಆಚೆ ನಿಲ್ಲಿಸಿ ನಡೆದುಕೊಂಡು ಬರುತ್ತಾರೆ. ಒಬ್ಬರು ಮೊದಲ ದಿನವೇ “ಮೇಡಂ, ಬೋರ್ಡ್ ಇಲ್ಲದ ಕಡೆಯಿಂದ ಮೆಟ್ಟಿಲು ಇದ್ಯಾ?” ಅಂತ ಕೇಳಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಂದಿನದ್ದನ್ನೆಲ್ಲ ಮಾಡಿದೆ.

2024ರ ಮೇನಲ್ಲಿ ಒಂದು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಹೆಸರು ಹೇಳುವುದಿಲ್ಲ. ಇಂಥವು ಬೇಕಾದಷ್ಟಿವೆ, ಒಂದು ಹೋದರೆ ಇನ್ನೊಂದು ಬರುತ್ತದೆ. “ಮ್ಯಾಮ್, ತಿಂಗಳಿಗೆ 60 ಲೀಡ್ಸ್ ಗ್ಯಾರಂಟಿ” ಅಂದ. 60 ಜನ ಬರುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡೆ. ಅವರ ಭಾಷೆಯಲ್ಲಿ ಲೀಡ್ ಅಂದರೆ ಒಂದು ಹೆಸರು, ಒಂದು ಫೋನ್ ನಂಬರ್, ಅಷ್ಟೇ. ಫೇಸ್‌ಬುಕ್ಕಿನ ಫಾರ್ಮ್‌ನಲ್ಲಿ ಹೆಸರು, ನಂಬರ್ ತಾನಾಗಿಯೇ ತುಂಬಿಕೊಂಡಿರುತ್ತದೆ. ಬಸ್ಸಲ್ಲಿ ಕೂತು ಸುಮ್ನೆ ಬೆರಳಾಡಿಸುವಾಗ ಎರಡು ಸಲ ಒತ್ತಿಬಿಟ್ಟರೂ ಲೀಡ್ ಆಯಿತು.

ಶುರುವಿಗೆ 20,000, ತಿಂಗಳಿಗೆ 15,000ದಂತೆ ಮೂರು ತಿಂಗಳು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 76,700. ಜಾಹೀರಾತಿನ ಖರ್ಚು ಬೇರೆ, ಅದು ನನ್ನ ಕಾರ್ಡಿನಿಂದಲೇ ಹೋಯಿತು, 51,000. ಅಂದಹಾಗೆ, ಜಿಎಸ್‌ಟಿ ತೆಗೆದುಕೊಂಡರಲ್ಲ, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇರಲಿಲ್ಲ. ನಾನು ಅದನ್ನು ನೋಡಿದ್ದು ಎಲ್ಲ ಮುಗಿದ ಮೇಲೆ. ನಂಬರ್ ಇದ್ದರೂ ಅದು ಯಾರ ಹೆಸರಿನಲ್ಲಿದೆ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು, ಎರಡು ನಿಮಿಷದ ಕೆಲಸ. ದುಡ್ಡು ಕೊಡುವ ಮೊದಲೇ ನೋಡಿ.

ಮಾತಿಗೆ ತಪ್ಪಲಿಲ್ಲ. ಮೂರು ತಿಂಗಳಲ್ಲಿ 190 ಲೀಡ್ಸ್ ಕೊಟ್ಟರು. ಅದರಲ್ಲಿ ಅರ್ಧಕ್ಕೆ ಹತ್ತಿರ ಯಾರು ಗೊತ್ತಾ? ಸಿಇಟಿ ಬರೆದ ಮಕ್ಕಳ ಅಪ್ಪ ಅಮ್ಮಂದಿರು! ಜೂನ್ ಜುಲೈನಲ್ಲಿ ಕರ್ನಾಟಕದಲ್ಲಿ ‘ಕೌನ್ಸೆಲಿಂಗ್’ ಅಂತ ಹುಡುಕುವವರಿಗೆ ಬೇಕಾಗಿರುವುದು ಸೀಟು, ಮನಸ್ಸಿನ ಸಮಾಧಾನ ಅಲ್ಲ. “ಮೇಡಂ, ಈ ರ‍್ಯಾಂಕಿಗೆ ಎನ್‌ಐಇಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುತ್ತಾ?” “ಕಾಮೆಡ್‌ಕೆ ಬೆಸ್ಟಾ, ಕೆಇಎ ಬೆಸ್ಟಾ?” ಮೊದಲ ವಾರ ಬೇಜಾರಾಗುತ್ತಿತ್ತು. ಆಮೇಲೆ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಆರಿಸಿ ತುಂಬುವುದು) ಬಗ್ಗೆ ನಾನೇ ಸ್ವಲ್ಪ ತಿಳಿದುಕೊಂಡು ಉತ್ತರ ಹೇಳತೊಡಗಿದೆ. ಗೂಗಲ್ ಜಾಹೀರಾತಿನಲ್ಲಿ ‘ಈ ಪದ ಇದ್ದರೆ ತೋರಿಸಬೇಡ’ ಅಂತ ಪಟ್ಟಿ ಕೊಡುವ ವ್ಯವಸ್ಥೆ ಇದೆ. ಸಿಇಟಿ, ನೀಟ್, ಸೀಟ್, ಕಟ್ಆಫ್ ಅಂತ ನಾಲ್ಕು ಪದ ಸೇರಿಸಿದ್ದರೆ ನನ್ನ ಎಷ್ಟೋ ಸಾವಿರ ಉಳಿಯುತ್ತಿತ್ತು. ಪ್ರತಿ ಕ್ಲಿಕ್ಕಿಗೂ ದುಡ್ಡು ಹೋಗುವುದು ನಮ್ಮದು. ಅವರಿಗೆ ಲೆಕ್ಕ ತುಂಬಿದರೆ ಸಾಕು.

ಉಳಿದವರಲ್ಲಿ ಒಂಬತ್ತು ಜನ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು, ನಾಲ್ಕು ಜನ ಬಂದರು, ಒಬ್ಬರು ಎರಡನೇ ಸಲ ಬಂದರು. ಐದು ಸೆಷನ್, 4,000 ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಇಷ್ಟೇ ಆಗಿದ್ದರೆ ಬುದ್ಧಿ ಕಲಿತೆ ಅಂತ ಸುಮ್ಮನಿರುತ್ತಿದ್ದೆ. ಬರೆಯುತ್ತಿರಲಿಲ್ಲ.

ಒಂದು ದಿನ ಪರಿಚಯದ ಸೈಕಿಯಾಟ್ರಿಸ್ಟ್ ಒಬ್ಬರು ಫೋನ್ ಮಾಡಿ “ಏನ್ರೀ, ಯಾವಾಗ ಡಾಕ್ಟರ್ ಆದ್ರಿ?” ಅಂದರು. ತಮಾಷೆಯ ದನಿ ಇರಲಿಲ್ಲ. ಗೂಗಲ್‌ನಲ್ಲಿ ನೋಡಿದರೆ ನನ್ನ ಹೆಸರಿನ ಹಿಂದೆ ‘ಡಾ.’, ಕೆಳಗೆ ‘ಕ್ಲಿನಿಕಲ್ ಸೈಕಾಲಜಿಸ್ಟ್’. ಹುಡುಗನನ್ನು ಕೇಳಿದರೆ “ಅದನ್ನೇ ಜಾಸ್ತಿ ಸರ್ಚ್ ಮಾಡ್ತಾರೆ ಮ್ಯಾಮ್” ಅಂದ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಬೇಕು, ಅದಕ್ಕೆ 1992ರ ಕಾಯ್ದೆಯೇ ಇದೆ. ನಿಮ್ಹಾನ್ಸ್‌ನಂಥ ಕಡೆ ಕಷ್ಟಪಟ್ಟು ಎಂಫಿಲ್ ಮಾಡಿ ಆ ನಂಬರ್ ಪಡೆದವರು ಇದ್ದಾರೆ. ನನ್ನ ಹತ್ತಿರ ಅದಿಲ್ಲ. ಏಜೆನ್ಸಿ ಹಾಕಿತು ಅಂತ ನಾನು ಹೇಳಬಹುದು, ಆದರೆ ಅಲ್ಲಿರುವ ಮುಖ ನನ್ನದು, ಸಿಕ್ಕಿಬೀಳುವವಳೂ ನಾನೇ.

ರಿವ್ಯೂಗಳ ಕಥೆಯೂ ಇದೆ. ಒಂದೇ ವಾರದಲ್ಲಿ 40ಕ್ಕೂ ಹೆಚ್ಚು ಐದು ಸ್ಟಾರ್. ಒಂದರಲ್ಲಿ ‘ಸ್ಟಾಫ್ ತುಂಬಾ ಒಳ್ಳೆಯವರು, ಪಾರ್ಕಿಂಗ್ ಸೌಲಭ್ಯ ಇದೆ’ ಅಂತಿತ್ತು. ನನ್ನಲ್ಲಿ ಸ್ಟಾಫ್ ಅಂದರೆ ನಾನು, ಪಾರ್ಕಿಂಗ್ ಅಂದರೆ ರಸ್ತೆ. ಕೆಲವು ವಾರದಲ್ಲಿ ಗೂಗಲ್ ಅಷ್ಟನ್ನೂ ಕಿತ್ತು ಹಾಕಿತು, ಜೊತೆಗೆ ಮೊದಲಿದ್ದ ಆರು ನಿಜವಾದ ರಿವ್ಯೂಗಳೂ ಹೋದವು. ಅದಕ್ಕಿಂತ ಕೆಟ್ಟದ್ದು ಏಜೆನ್ಸಿಯವರು ನನ್ನ ಹೆಸರಿನಲ್ಲಿ ಬರೆದ ಉತ್ತರ. ಒಬ್ಬರು ಹಿಂದೆ ಬರೀ ‘ಧನ್ಯವಾದ’ ಅಂತ ಹಾಕಿದ್ದರು. ಅದರ ಕೆಳಗೆ ಇವರು ‘ನಮ್ಮ ಥೆರಪಿಯಿಂದ ನಿಮಗೆ ಅನುಕೂಲವಾಗಿದ್ದಕ್ಕೆ ಸಂತೋಷ’ ಅಂತ ಬರೆದಿದ್ದರು. ಇದರಲ್ಲೇನಿದೆ ಅನಿಸಬಹುದು. ಇಂಥವರು ನನ್ನ ಹತ್ತಿರ ಥೆರಪಿಗೆ ಬಂದಿದ್ದರು ಅಂತ ನಾನೇ ಊರಿಗೆಲ್ಲ ಹೇಳಿದಂತಾಯಿತು. ಹೋಟೆಲಿನವರು ಹಾಗೆ ಉತ್ತರ ಕೊಡಬಹುದು, ನಾವು ಕೊಡುವ ಹಾಗಿಲ್ಲ.

ನನ್ನ ಪೇಜಿನಲ್ಲಿ ‘24 ಗಂಟೆ ತುರ್ತು ಸಹಾಯ’ ಅಂತಲೂ ಹಾಕಿದ್ದರು. ನನಗೆ ಗೊತ್ತೇ ಇರಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ರಾತ್ರಿ 2.10ಕ್ಕೆ, 2.14ಕ್ಕೆ ಒಂದೇ ನಂಬರಿನಿಂದ ಮಿಸ್ಡ್ ಕಾಲ್. ವಾಪಸ್ ಮಾಡಿದೆ. ಆ ಕಡೆಯವರು ಎತ್ತುವ ತನಕದ ಆ ಕೆಲವು ಸೆಕೆಂಡು ನನಗೆ ಹೇಗಿತ್ತು ಅಂತ ಬರೆಯಲು ಬರುವುದಿಲ್ಲ. ಅವರು ಎತ್ತಿದರು. ಗೆಳೆಯನನ್ನು ಕರೆಸಿಕೊಂಡಿದ್ದರಂತೆ, ಈಗ ಪರವಾಗಿಲ್ಲ ಅಂದರು. ನಾನು ಒಬ್ಬಳೇ ನಡೆಸುವ ಪ್ರಾಕ್ಟೀಸ್, ರಾತ್ರಿ ಫೋನ್ ಸೈಲೆಂಟ್‌ನಲ್ಲಿರುತ್ತದೆ. ಇರದ ಸೇವೆಯನ್ನು ಇದೆ ಅಂತ ಬರೆಯುವುದು ಬೇರೆ ವ್ಯಾಪಾರದಲ್ಲಿ ಬರೀ ಸುಳ್ಳು, ನಮ್ಮಲ್ಲಿ ಅದರಿಂದ ಜೀವ ಹೋಗಬಹುದು. ಅವತ್ತೇ ಅದನ್ನು ತೆಗೆಸಿದೆ. ಈಗ ನನ್ನ ಪೇಜಿನ ಮೊದಲ ಸಾಲೇ ‘ತುರ್ತು ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ’. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ನಿದ್ದೆ ಕೆಡಿಸುವ ವಿಷಯ. ಇದರಲ್ಲಿ ತಪ್ಪು ಏಜೆನ್ಸಿಗಿಂತ ನನ್ನದೇ ಜಾಸ್ತಿ.

ಎರಡನೇ ತಿಂಗಳಲ್ಲಿ ಹುಡುಗ “ಮ್ಯಾಮ್, ಹಳೇ ಕ್ಲೈಂಟ್ಸ್ ನಂಬರ್ ಕೊಡಿ, ಅವರ ಥರದವರನ್ನೇ ಫೇಸ್‌ಬುಕ್ ಹುಡುಕಿಕೊಡುತ್ತೆ, ಎಲ್ಲ ಕೋಡ್ ಆಗಿ ಹೋಗುತ್ತೆ, ಫುಲ್ ಸೇಫ್” ಅಂದ. ಸಿಇಟಿ ಫೋನ್‌ಗಳಿಂದ ಸಾಕಾಗಿತ್ತು. ಕೊಟ್ಟುಬಿಟ್ಟೆ. 74 ನಂಬರ್. ಹೆಸರು ಸಮೇತ. ವಾಟ್ಸ್ಆ್ಯಪ್‌ನಲ್ಲಿ. ಆ ಫೈಲಿಗೆ ಅವರು ಇಟ್ಟ ಹೆಸರು ‘ಮೈಸೂರು ಕೌನ್ಸೆಲಿಂಗ್ ಕ್ಲೈಂಟ್ಸ್’, ಅದು ಅವರ ಆಫೀಸ್ ಗ್ರೂಪಿನಲ್ಲಿ ಓಡಾಡಿತು ಅಂತ ಆಮೇಲೆ ಗೊತ್ತಾಯಿತು.

ನಂಬರ್ ಕೋಡ್ ಆಗಿಯೇ ಹೋಗುವುದು ನಿಜ. ಆದರೆ ಫೇಸ್‌ಬುಕ್ ಆ ಕೋಡನ್ನು ತನ್ನಲ್ಲಿರುವ ಖಾತೆಗಳ ಜೊತೆ ತಾಳೆ ನೋಡುತ್ತದೆ, ಹೊಂದಿದವರಿಗೆ ಜಾಹೀರಾತು ತೋರಿಸಬಹುದು. ಏಜೆನ್ಸಿಯವರು ‘ಅವರ ಥರದವರಿಗೆ’ ಮಾತ್ರ ಅಲ್ಲ, ಅವರಿಗೇ ತೋರಿಸಿದರು. ದಿನಕ್ಕೆ ಮೂರು ಸಲ, ನಾಲ್ಕು ಸಲ.

ಒಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಅಂತಷ್ಟೇ ಇಟ್ಟುಕೊಳ್ಳಿ (ಅದನ್ನೂ ಬದಲಾಯಿಸಿಯೇ ಬರೆದಿದ್ದೇನೆ), ಮನೆಯಲ್ಲಿ ಯಾರಿಗೂ ಹೇಳದೆ ನನ್ನ ಹತ್ತಿರ ಬರುತ್ತಿದ್ದವರು, ಅವತ್ತು ಬಂದು ಕೂರಲಿಲ್ಲ. ಫೋನ್ ನನ್ನ ಮುಂದೆ ಹಿಡಿದರು. ಅವರ ಅತ್ತೆ ರೀಲ್ಸ್ ನೋಡಲು ಸೊಸೆಯ ಫೋನ್ ತೆಗೆದುಕೊಂಡಿದ್ದಾಗ ನನ್ನ ಜಾಹೀರಾತು ಬಂದಿದೆ, ಮತ್ತೆ ಬಂದಿದೆ, “ನಿನಗೇ ಯಾಕಮ್ಮಾ ಈ ಮೇಡಂ ಇಷ್ಟೊಂದು ಸಲ ಬರ್ತಾರೆ?” ಅಂತ ಕೇಳಿದ್ದಾರೆ. ಇವರು ಏನೋ ಹೇಳಿ ತಪ್ಪಿಸಿಕೊಂಡಿದ್ದಾರೆ. ಆಮೇಲೆ ಜಾಹೀರಾತಿನ ಪಕ್ಕದ ಮೂರು ಚುಕ್ಕೆ ಒತ್ತಿ, ಇದು ನನಗೆ ಯಾಕೆ ಕಾಣುತ್ತಿದೆ ಅನ್ನುವುದನ್ನು ನೋಡಿದ್ದಾರೆ. ಜಾಹೀರಾತುದಾರರು ಕೊಟ್ಟ ಪಟ್ಟಿಯಲ್ಲಿ ನೀವಿದ್ದೀರಿ ಅಂತ ಅಲ್ಲಿ ಬಂದಿದೆ. “ಮೇಡಂ, ಪಟ್ಟಿ ನೀವೇ ಕೊಟ್ರಾ?” ಅಂದರು. ಹೌದು ಅಂದೆ. ಇನ್ನೇನು ಹೇಳಲಿ? ಅವರು ಕೂಗಾಡಲಿಲ್ಲ. ಮತ್ತೆ ಬರಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕಿನ ಬಗ್ಗೆಯೇ ಇದೆ. ನಾನೇ ಕಾಲೇಜಿನಲ್ಲಿ ಅದರ ಬಗ್ಗೆ ಮಾತಾಡಿದ್ದವಳು! ಆ ರಾತ್ರಿ ಕೂತು ಓದುವಾಗ ಸಿಕ್ಕಿದ್ದು ಅಮೆರಿಕದ ಬೆಟರ್‌ಹೆಲ್ಪ್ ಪ್ರಕರಣ. ಆನ್‌ಲೈನ್ ಕೌನ್ಸೆಲಿಂಗ್‌ನ ದೊಡ್ಡ ಕಂಪನಿ. ಗ್ರಾಹಕರ ಇಮೇಲ್ ವಿಳಾಸಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಡೆ ಕೊಟ್ಟಿದ್ದಾರೆ ಅನ್ನುವ ಆರೋಪದ ಮೇಲೆ 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅವರಿಂದ 78 ಲಕ್ಷ ಡಾಲರ್ ಕಟ್ಟಿಸಿತು. ಅವರದು ಲಕ್ಷಗಟ್ಟಲೆ ಜನ, ನನ್ನದು 74. ಮಾಡಿದ ಕೆಲಸ ಒಂದೇ.

ಪಟ್ಟಿ ತೆಗೆಯೋಣ ಅಂದರೆ ಜಾಹೀರಾತು ಖಾತೆ ಏಜೆನ್ಸಿಯ ಹೆಸರಿನಲ್ಲಿ. ನನಗೆ ಲಾಗಿನ್ನೇ ಇಲ್ಲ. “ಟೀಮ್‌ಗೆ ಹೇಳ್ತೀನಿ ಮ್ಯಾಮ್” ಅಂತ 11 ದಿನ ಆಟ ಆಡಿಸಿದರು. ಕೊನೆಗೆ ಕಾರ್ಡ್ ಬ್ಲಾಕ್ ಮಾಡಿಸಿದ ಮೇಲೆ ಜಾಹೀರಾತು ನಿಂತಿತು. ಪಟ್ಟಿ ಅಳಿಸಿದ್ದೇವೆ ಅಂತ ಒಂದು ಸ್ಕ್ರೀನ್‌ಶಾಟ್ ಕಳಿಸಿದರು, ಅದನ್ನು ಎಷ್ಟು ನಂಬಬೇಕೋ ಗೊತ್ತಿಲ್ಲ.

ಆಮೇಲೆ ಇನ್ನೊಂದು ಕಗ್ಗಂಟು. 74 ಜನಕ್ಕೂ ಹೇಳಬೇಕು, ಅದು ಧರ್ಮ. ಆದರೆ ಹೇಗೆ ಹೇಳುವುದು? ಫೋನ್ ಮಾಡಿದರೆ ಗಂಡ ಎತ್ತಿದರೆ? ಮೆಸೇಜ್ ಹಾಕಿದರೆ ಪಕ್ಕದಲ್ಲಿ ಕೂತವರು ಓದಿದರೆ? ತಪ್ಪು ಒಪ್ಪಿಕೊಳ್ಳಲು ಹೋಗಿ ಅದೇ ತಪ್ಪನ್ನು ಮತ್ತೊಂದು ಸಲ ಮಾಡಿದ ಹಾಗಾಗುತ್ತದೆ. ಈಗಲೂ ಬರುತ್ತಿದ್ದವರಿಗೆ ಎದುರಿಗೇ ಹೇಳಿದೆ. ಫೋನ್ ಮಾಡಬಹುದು ಅಂತ ಹಿಂದೆ ತಾವೇ ಹೇಳಿದ್ದವರಿಗೆ ಮಾತ್ರ ಫೋನ್ ಮಾಡಿದೆ. ಒಟ್ಟು 31 ಜನ. ಉಳಿದ 43 ಜನಕ್ಕೆ ಇವತ್ತಿಗೂ ಹೇಳಲು ಆಗಿಲ್ಲ. ಈಗ ಮೊದಲ ದಿನದ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಸೇರಿಸಿದ್ದೇನೆ: ‘ನಿಮಗೆ ಫೋನ್ ಮಾಡಬಹುದೇ, ಯಾವ ಹೊತ್ತಿಗೆ, ಬೇರೆಯವರು ಎತ್ತಿದರೆ ಏನೆಂದು ಹೇಳಬೇಕು?’ ಎಲ್ಲರೂ ಅದಕ್ಕೆ ಉತ್ತರ ಬರೆಯುತ್ತಾರೆ. ಒಬ್ಬರು ‘ಟೈಲರಿಂಗ್ ಕ್ಲಾಸಿನವರು ಅಂತ ಹೇಳಿ’ ಅಂತ ಬರೆದಿದ್ದರು.

ಹಾಗಾದರೆ ಜನ ಬರುವುದು ಹೇಗೆ ಅಂತ ಕೇಳುತ್ತೀರಿ. ನನಗೆ ಬರುತ್ತಿರುವುದು ಹೆಚ್ಚಾಗಿ ಒಬ್ಬ ಫಿಜಿಶಿಯನ್ ಮತ್ತು ಒಬ್ಬ ಗೈನಕಾಲಜಿಸ್ಟ್ ಕಳಿಸಿದವರು. ನಿದ್ದೆ ಬರಲ್ಲ, ಎದೆ ಡವಡವ ಅಂತ ಬಂದು ಎಲ್ಲ ಟೆಸ್ಟ್ ನಾರ್ಮಲ್ ಬಂದವರು, ಬಾಣಂತನದಲ್ಲಿ ಅಳು ನಿಲ್ಲದವರು. ಅವರಿಬ್ಬರನ್ನು ಹೋಗಿ ನೋಡಿದ್ದಕ್ಕೆ ನನಗೆ ಆದ ಖರ್ಚು ಪೆಟ್ರೋಲ್. ಕಳಿಸಿದ್ದಕ್ಕೆ ಕಮಿಷನ್ ಅಂತ ಏನೂ ಇಲ್ಲ, ಕೇಳುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಪಿಯು ಕಾಲೇಜುಗಳ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಮಾತಾಡುತ್ತೇನೆ. ಕನ್ನಡದಲ್ಲಿ ಒಂದೇ ಪುಟದ ವೆಬ್‌ಸೈಟ್ ಇದೆ: ಓದಿದ್ದು ಏನು, ಫೀಸು ಎಷ್ಟು, ಮೊದಲ ದಿನ ಏನಾಗುತ್ತದೆ, ಯಾವುದು ನನ್ನ ಕೈಲಾಗುವುದಿಲ್ಲ. ‘ಫೀಸು ಬರೆದಿದ್ರಿ, ಅದಕ್ಕೇ ಧೈರ್ಯ ಮಾಡಿ ಬಂದೆ’ ಅಂತ ಎಷ್ಟೋ ಜನ ಹೇಳಿದ್ದಾರೆ. ನಿಧಾನ, ಆದರೆ ಈಗ ವಾರಕ್ಕೆ 12 ಸೆಷನ್ ಆಗುತ್ತಿದೆ.

ಆದರೂ ಏಜೆನ್ಸಿ ಬೇಕೇ ಬೇಕು ಅಂದರೆ, ಡೊಮೇನು (ವೆಬ್‌ಸೈಟಿನ ವಿಳಾಸ), ಫೇಸ್‌ಬುಕ್ ಪೇಜು, ಗೂಗಲ್ ಪ್ರೊಫೈಲು, ಜಾಹೀರಾತು ಖಾತೆ ಎಲ್ಲವನ್ನೂ ನೀವೇ ನಿಮ್ಮ ಇಮೇಲ್‌ನಲ್ಲಿ ತೆರೆದು, ಅವರಿಗೆ ಕೆಲಸ ಮಾಡುವಷ್ಟು ಅನುಮತಿ ಮಾತ್ರ ಕೊಡಿ. ಒಂದು ಸಾಲು ಪ್ರಕಟವಾಗುವ ಮೊದಲೂ ನಿಮಗೆ ತೋರಿಸಬೇಕು ಅಂತ ಬರೆಸಿಕೊಳ್ಳಿ. ಕ್ಲೈಂಟ್ ನಂಬರ್ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ, ಯಾವ ಕಾರಣ ಹೇಳಿದರೂ.

ನನ್ನ ಹಳೇ ಡೊಮೇನು ಇನ್ನೂ ಅವರ ಹೆಸರಿನಲ್ಲೇ ಇದೆ. ಬಿಟ್ಟುಕೊಡಲು 25,000 ಕೇಳುತ್ತಿದ್ದಾರೆ, ನಾನು ಕೊಡುವುದಿಲ್ಲ. ಹಾಗಾಗಿ ಗುಲಾಬಿ ಬಣ್ಣದ ಪುಟದಲ್ಲಿ ಕೈಕಟ್ಟಿ ನಿಂತಿರುವ ‘ಡಾ.’ ಮೇಡಂ ಒಬ್ಬರ ಫೋಟೋ ನಿಮಗೆ ಎಲ್ಲಾದರೂ ಕಂಡರೆ, ಅಲ್ಲಿರುವ ಫಾರ್ಮ್ ತುಂಬಬೇಡಿ. ಅದು ನನಗೆ ಬರುವುದಿಲ್ಲ.