ದೂರದ ಶೋರೂಮಿನ ಕಾರು: ಫೋಟೋ, ವಿಡಿಯೋ ಕಾಲ್, ಮೆಕ್ಯಾನಿಕ್, ಮನೆ ಬಾಗಿಲಿಗೆ ಡೆಲಿವರಿ

ಬೇಕಾದ ಮಾಡೆಲ್, ಇಷ್ಟದ ಬಣ್ಣ, ಕೈಗೆಟಕುವ ಬೆಲೆ. ಹೊಸದಾಗಲಿ, ಸೆಕೆಂಡ್ ಹ್ಯಾಂಡ್ ಆಗಲಿ, ಈ ಮೂರೂ ಕೂಡಿಬಂದ ಕಾರು ಎಷ್ಟೋ ಸಲ ನಾವಿರುವ ಕಡೆ ಸಿಗುವುದೇ ಇಲ್ಲ. ದಿನವಿಡೀ ಪ್ರಯಾಣ ಮಾಡಬೇಕಾದ ಯಾವುದೋ ಶೋರೂಮಿನಲ್ಲಿ ನಿಂತಿರುತ್ತದೆ. ಹತ್ತಿರದ ಶೋರೂಮಾದರೆ ಹೋಗಿ ನೋಡಿ, ಹಿಡಿಸದಿದ್ದರೆ ಸುಮ್ನೆ ವಾಪಸ್ ಬರಬಹುದು. ದೂರದ್ದಾದರೆ ರಜೆ, ಟಿಕೆಟ್, ರಾತ್ರಿಯ ರೂಮು ಎಲ್ಲಕ್ಕೂ ದುಡ್ಡು ಹೋದ ಮೇಲೆ ‘ಬೇಡ’ ಅನ್ನಲು ಬಾಯಿ ಬರುವುದಿಲ್ಲ. ಎದುರಿಗೆ ಕೂತ ಸೇಲ್ಸ್‌ನವರಿಗೂ ಇದು ಚೆನ್ನಾಗಿ ಗೊತ್ತಿರುತ್ತದೆ. ಹಾಗಾಗಿ ದೂರದ ಕಾರಿನ ವಿಚಾರದಲ್ಲಿ ಮುಕ್ಕಾಲು ಪಾಲು ಕೆಲಸ ಹೊರಡುವ ಮೊದಲೇ ಮುಗಿದಿರಬೇಕು ಅನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆ ಕೆಲಸವನ್ನು ಮುಗಿಸಲು ಬೇರೆ ಬೇರೆ ದಾರಿಗಳಿವೆ. ನನಗಾಗಿ, ಮನೆಯವರಿಗಾಗಿ, ಗೆಳೆಯರಿಗಾಗಿ ಕಾರು ಹುಡುಕುವಾಗ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಒಂದೊಂದರಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನು ಹೇಳುತ್ತೇನೆ.

ಮೊದಲು ಫೋಟೋ. ಶೋರೂಮಿನವರು ತಾವಾಗಿ ಹಾಕುವ ಫೋಟೋಗಳಿಂದ ಕಾರಿನ ಬಣ್ಣ ಬಿಟ್ಟು ಹೆಚ್ಚೇನೂ ತಿಳಿಯುವುದಿಲ್ಲ. ಅದರಲ್ಲೂ ಆಗಷ್ಟೇ ತೊಳೆದು ಒದ್ದೆಯಾಗಿರುವ ಕಾರಿನಲ್ಲಿ ಸಣ್ಣ ಗೀರುಗಳು ಕಾಣುವುದೇ ಇಲ್ಲ. ಆದರೆ ನಾವು ಕೇಳಿ ತರಿಸಿಕೊಳ್ಳುವ ಫೋಟೋಗಳು ತುಂಬಾ ಉಪಯೋಗಕ್ಕೆ ಬರುತ್ತವೆ. ನಾನು ಕೇಳುವುದು ಚಾಸಿ ನಂಬರ್, ನಾಲ್ಕೂ ಟೈರಿನ ಪಕ್ಕದ ಬರಹ, ಎಂಜಿನ್ ಓಡುತ್ತಿರುವಾಗಿನ ಮೀಟರ್, ಸರ್ವಿಸ್ ಪುಸ್ತಕದ ಪುಟಗಳು, ಎರಡು ಕೀಲಿ. ಚಾಸಿ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದೆಂದು ಅವನ್ನು ಬಿಟ್ಟಿದ್ದಾರೆ. ಟೈರಿನ ಮೇಲೆ 2319 ಅಂತ ಇದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಕಾರು ಕಡಿಮೆ ಓಡಿದೆ ಅಂತಾರೆ, ಆದರೆ ಟೈರು ಕಾರಿಗಿಂತ ಎಷ್ಟೋ ಹೊಸದು. ಹಾಗಿದ್ದರೆ ಯಾಕೆ ಬದಲಾಯಿಸಿದರು ಅಂತ ಕೇಳಲೇಬೇಕು ಅಲ್ವಾ? ಈ ಫೋಟೋಗಳನ್ನು ಬೇಸರವಿಲ್ಲದೆ ಕಳಿಸುವವರ ಜೊತೆ ಮುಂದಿನ ಮಾತೂ ಸಲೀಸಾಗಿ ಸಾಗುತ್ತದೆ.

ಇನ್ನು ವಿಡಿಯೋ ಕಾಲ್. ಫೋಟೋಗಿಂತ ಇದು ಬಹಳ ಮೇಲು, ಆದರೆ ಕ್ಯಾಮೆರಾ ಎಲ್ಲಿ ಹೋಗಬೇಕು ಅಂತ ನಾವೇ ಹೇಳಬೇಕು. ಅವರ ಇಷ್ಟಕ್ಕೆ ಬಿಟ್ಟರೆ ದೊಡ್ಡ ಸ್ಕ್ರೀನು, ಸನ್‌ರೂಫು ತೋರಿಸಿ ಮುಗಿಸುತ್ತಾರೆ. ನಾನು ಚಾಸಿ ನಂಬರಿನಿಂದ ಶುರು ಮಾಡಲು ಹೇಳುತ್ತೇನೆ. ಫೋಟೋದಲ್ಲಿ ಕಂಡ ಕಾರೂ ಇದೂ ಒಂದೇ ಅಂತ ಅಲ್ಲಿಗೆ ಖಾತ್ರಿಯಾಗುತ್ತದೆ. ಆಮೇಲೆ ಡಿಕ್ಕಿಯ ಮ್ಯಾಟ್ ಎತ್ತಿಸಿ ಸ್ಟೆಪ್ನಿ ಇಡುವ ಜಾಗ, ಬಾಗಿಲಿನ ಅಂಚಿನ ರಬ್ಬರ್ ಎಳೆಸಿ ಒಳಗಿನ ವೆಲ್ಡಿಂಗ್, ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಸಿ ಅದರ ಬುಡ. ನೀರಿನಲ್ಲಿ ಮುಳುಗಿದ ಕಾರಿನಲ್ಲಿ ಬೆಲ್ಟಿನ ಆ ತುದಿಯಲ್ಲಿ ಕೆಸರಿನ ಕಲೆ ಉಳಿದಿರಬಹುದು.

ಮುಖ್ಯವಾದ ಇನ್ನೊಂದಿದೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀಲಿ ತಿರುಗಿಸಿ ಮೀಟರಿನ ಮೇಲೆ ಕ್ಯಾಮೆರಾ ಹಿಡಿಯಲು ಹೇಳಿ. ಏರ್‌ಬ್ಯಾಗ್ ದೀಪ, ಎಂಜಿನ್ ದೀಪ, ಎಬಿಎಸ್ ದೀಪ ಎಲ್ಲವೂ ಮೊದಲು ಹೊತ್ತಿಕೊಳ್ಳಬೇಕು, ಎಂಜಿನ್ ಸ್ಟಾರ್ಟ್ ಮಾಡಿಸಿದ ಮೇಲೆ ಎಲ್ಲವೂ ಆರಿರಬೇಕು. ಆರದಿದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳದೇ ಇದ್ದರೂ ಚಿಂತೆಯ ವಿಷಯವೇ. ಬೇಕೆಂದೇ ಆ ದೀಪವನ್ನು ತೆಗೆದಿರುವ ಸಾಧ್ಯತೆ ಇರುತ್ತದೆ.

ವಿಡಿಯೋ ಕಾಲಿನಲ್ಲಿ ಎಂಜಿನ್ ಸದ್ದನ್ನು ಮಾತ್ರ ನಂಬಬೇಡಿ. ಮಾತು ಸ್ಪಷ್ಟವಾಗಿ ಕೇಳಲೆಂದು ಇಂಥ ಆ್ಯಪ್‌ಗಳು ಹಿನ್ನೆಲೆಯ ಸದ್ದನ್ನು ಅಡಗಿಸುತ್ತವೆ. ಒಂದೇ ಸಮನೆ ಬರುವ ಎಂಜಿನ್ ಸದ್ದೂ ಅವುಗಳ ಲೆಕ್ಕದಲ್ಲಿ ಗಲಾಟೆಯೇ. ಗಡಗಡ ಅನ್ನುವ ಎಂಜಿನ್ ಕೂಡ ಮೆತ್ತಗೆ ಕೇಳಿಸಬಹುದು. ಅದಕ್ಕೇ ಬಾನೆಟ್ ತೆಗೆದು, ತಣ್ಣಗಿರುವ ಎಂಜಿನನ್ನು ಸ್ಟಾರ್ಟ್ ಮಾಡಿ, ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡಿ ಕಳಿಸಿ ಅಂತ ಬೇರೆಯಾಗಿ ಕೇಳುತ್ತೇನೆ. ಸೈಲೆನ್ಸರಿನ ಹೊಗೆಯೂ ಅದರಲ್ಲೇ ಬರಲಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಚಳಿಯಲ್ಲಿ ಸ್ವಲ್ಪ ಬಿಳಿ ಹಬೆ ಬರುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೋರುತ್ತಿರಬಹುದು.

ಇಷ್ಟೆಲ್ಲ ಮಾಡಿದರೂ ಮುಗ್ಗಲು ವಾಸನೆ, ಕ್ಲಚ್ಚಿನ ಬಿಗಿ, ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗುವುದು, ಬಾಗಿಲಿನಿಂದ ಬಾಗಿಲಿಗೆ ಬಣ್ಣದ ಸಣ್ಣ ವ್ಯತ್ಯಾಸ, ಇವು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಅಲ್ಲಿ ಬೇಕಾಗುವವರೇ ಮೆಕ್ಯಾನಿಕ್.

ಸೆಕೆಂಡ್ ಹ್ಯಾಂಡ್ ಕಾರಾದರೆ ಎಲ್ಲ ದಾರಿಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಶೋರೂಮ್ ಇರುವ ಊರಿನಲ್ಲೇ ಒಬ್ಬ ಮೆಕ್ಯಾನಿಕ್ಕನ್ನು ಹುಡುಕಿ, ನಾವೇ ದುಡ್ಡು ಕೊಟ್ಟು, ಕಾರು ನೋಡಿ ಬರಲು ಕಳಿಸುವುದು. ಶೋರೂಮಿನವರು ಹೇಳಿದ ಮೆಕ್ಯಾನಿಕ್ ಬೇಡ. ಕಾರು ಮಾರಾಟವಾದರೂ ಆಗದಿದ್ದರೂ ಒಂದೇ ಕೂಲಿ ಪಡೆಯುವವರು ಬೇಕು. ಈ ಖರ್ಚು ಸಾಮಾನ್ಯವಾಗಿ ನಮ್ಮ ಪ್ರಯಾಣದ ಖರ್ಚಿಗಿಂತ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಆ ಕಾರಿನ ಮೇಲೆ ಆಸೆ ಇರುವುದಿಲ್ಲ. ನಾವು ವಾರಗಟ್ಟಲೆ ಹುಡುಕಿ, ಮನಸ್ಸಿನಲ್ಲೇ ಆ ಕಾರು ಓಡಿಸಿ ಆಗಿರುತ್ತದೆ. ಅವರು ಕಬ್ಬಿಣ ನೋಡುತ್ತಾರೆ.

ಅವರ ಕೈಯಲ್ಲಿ ಎರಡು ಸಾಧನ ಇರಲಿ. ಒಂದು ಬಣ್ಣದ ದಪ್ಪ ಅಳೆಯುವ ಮೀಟರ್. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದೇ ಬಾಗಿಲಿನಲ್ಲಿ ಅದು ಹಲವು ನೂರು ತೋರಿಸಿದರೆ ಅಲ್ಲಿ ಪುಟ್ಟಿ ಹಾಕಿ ಬಣ್ಣ ಹೊಡೆದಿದ್ದಾರೆ ಅಂತ ಅನುಮಾನ ಪಡಬಹುದು. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಮೀಟರ್ ನಡೆಯುವುದಿಲ್ಲ. ಇನ್ನೊಂದು, ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಸುವ ಸ್ಕ್ಯಾನರ್. ಈಗಿನ ದೋಷಗಳನ್ನಷ್ಟೇ ಓದಿದರೆ ಸಾಲದು. ಕಾರಿನ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನು ಮುಗಿಸಿದೆಯೇ ಅಂತಲೂ ನೋಡಿಸಿ. ದೋಷದ ಕೋಡ್ ಅಳಿಸಿದರೆ ಆ ಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ. ಮತ್ತೆ ಮುಗಿಯಲು ಕಾರು ಒಂದಷ್ಟು ಓಡಬೇಕು.

ಇದರಿಂದಲೇ ನಮಗೆ ಒಂದು ಪ್ರಯಾಣ ಉಳಿಯಿತು. ಗೆಳೆಯರೊಬ್ಬರು ಮೆಚ್ಚಿದ್ದ ಕಾರು ವಿಡಿಯೋದಲ್ಲಿ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಮೆಕ್ಯಾನಿಕ್ ಹೋಗಿ ಸ್ಕ್ಯಾನರ್ ಹಾಕಿದರೆ ದೋಷ ಒಂದೂ ಇಲ್ಲ, ಆದರೆ ಪರೀಕ್ಷೆಗಳು ಬಹುತೇಕ ಬಾಕಿ. ಬ್ಯಾಟರಿ ಬದಲಾಯಿಸಿದೆವು, ಅದಕ್ಕೆ ಹಾಗೆ ಅಂದರು ಶೋರೂಮಿನವರು. ಅದು ಆಗಬಹುದಾದ ಮಾತೇ. ಹಾಗಾದರೆ ಸ್ವಲ್ಪ ಓಡಿಸಿಡಿ, ಇನ್ನೊಮ್ಮೆ ನೋಡುತ್ತೇವೆ ಅಂದೆವು. ಎರಡನೇ ಸಲ ನೋಡಿದಾಗ ಗೇರ್‌ಬಾಕ್ಸಿನ ದೋಷ ಮತ್ತೆ ಬಂದಿತ್ತು. ಗೆಳೆಯರು ಟಿಕೆಟ್ ತೆಗೆಯಲೇ ಇಲ್ಲ.

ಮೆಕ್ಯಾನಿಕ್ಕನ್ನು ಒಳಗೇ ಬಿಡುವುದಿಲ್ಲ ಅನ್ನುವ ಶೋರೂಮುಗಳೂ ಇವೆ. ಅಂಥವರ ಹತ್ತಿರ ವಾದ ಮಾಡುವುದಿಲ್ಲ, ಬೇರೆ ಕಾರು ನೋಡುತ್ತೇನೆ.

ಕರೆಂಟ್ ಕಾರಾದರೆ ಬ್ಯಾಟರಿಯ ಆರೋಗ್ಯದ ವರದಿಯನ್ನು ಬರಹದಲ್ಲಿ ಕೇಳಿ. ಮೀಟರಿನಲ್ಲಿ ಕಾಣುವ ‘ಇನ್ನಿಷ್ಟು ದೂರ ಓಡುತ್ತದೆ’ ಅನ್ನುವ ಅಂಕಿ ಇತ್ತೀಚೆಗೆ ಓಡಿಸಿದ ರೀತಿಗೆ ತಕ್ಕಂತೆ ಬದಲಾಗುತ್ತಿರುತ್ತದೆ, ಅದನ್ನು ಆರೋಗ್ಯದ ಲೆಕ್ಕವಾಗಿ ತೆಗೆದುಕೊಳ್ಳಬೇಡಿ.

ಮನೆ ಬಾಗಿಲಿಗೆ ಡೆಲಿವರಿ ಕೇಳಲು ಹಿತ. ಹೊಸ ಕಾರಿಗೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ಹೋಗಿ ನೋಡಬೇಕಾದದ್ದು ಕಡಿಮೆ, ಮಾಡೆಲ್ಲನ್ನು ಹತ್ತಿರದಲ್ಲೇ ಓಡಿಸಿ ನೋಡಿರಬಹುದು. ಲಾರಿಯ ಮೇಲೆ ತರುತ್ತಾರೋ, ಓಡಿಸಿಕೊಂಡು ಬರುತ್ತಾರೋ ಅಂತ ಮೊದಲೇ ಕೇಳಿ. ಓಡಿಸಿಕೊಂಡು ಬಂದರೆ ಮೀಟರಿಗೆ ಅಷ್ಟೂ ದೂರ ಸೇರುತ್ತದೆ. ಕಾರು ಬಂದಾಗ ರಾತ್ರಿಯಾಗಿದ್ದರೂ ಸರಿ, ಟಾರ್ಚ್ ಹಿಡಿದು ಸುತ್ತ ನೋಡದೆ ಸಹಿ ಹಾಕಬೇಡಿ. ಕಂಡ ಗೀರನ್ನು ಡೆಲಿವರಿ ಚೀಟಿಯ ಮೇಲೇ ಬರೆಯಿಸಿ. ಸೆಕೆಂಡ್ ಹ್ಯಾಂಡ್ ಕಾರನ್ನು ಹೀಗೆ ತರಿಸುವುದಾದರೆ ಮೆಕ್ಯಾನಿಕ್ ನೋಡಿದ ಮೇಲೆಯೇ. ವಾಪಸ್ ಕೊಡುವ ಹಕ್ಕು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಯುರೋಪಿಯನ್ ಒಕ್ಕೂಟದಲ್ಲಿ ಪೂರ್ತಿ ದೂರದಿಂದಲೇ ಮಾಡಿದ ಖರೀದಿಯನ್ನು ಸಾಮಾನ್ಯವಾಗಿ 14 ದಿನದೊಳಗೆ ರದ್ದು ಮಾಡಬಹುದು. ಶೋರೂಮಿಗೇ ಹೋಗಿ ಅಲ್ಲಿ ಸಹಿ ಹಾಕಿದರೆ ಆ ಹಕ್ಕು ಸಿಗುವುದಿಲ್ಲ. ನೀವಿರುವ ಕಡೆಯ ನಿಯಮವನ್ನು ಮೊದಲೇ ಓದಿಕೊಳ್ಳಿ.

ಎಲ್ಲ ಸರಿಹೋಗಿ ನೀವೇ ಹೊರಟಿರಿ ಅಂತಿಟ್ಟುಕೊಳ್ಳೋಣ. ಹೋಗುವ ಟಿಕೆಟ್ ಮಾತ್ರ ತೆಗೆದು, ಕಾರಿನಲ್ಲೇ ವಾಪಸ್ ಬರುವುದು ಒಂದು ಬಗೆ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ವಾಪಸಿ ಟಿಕೆಟ್ಟನ್ನೂ ತೆಗೆದಿಡುವುದು ಇನ್ನೊಂದು. ನಾನು ಎರಡನ್ನೂ ಮಾಡಿದ್ದೇನೆ. ಜೇಬಿನಲ್ಲಿ ವಾಪಸಿ ಟಿಕೆಟ್ ಇದ್ದಾಗ ಮಾತಿಗೆ ಬೇರೆಯದೇ ಧೈರ್ಯ ಬರುತ್ತದೆ. ‘ಸಂಜೆಯ ಗಾಡಿ ಇದೆ, ಅಷ್ಟರೊಳಗೆ ಆದರೆ ಆಯಿತು’ ಅನ್ನಬಹುದು. ಬೆಳಿಗ್ಗೆಯೇ ತಲುಪಿ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ, ತಣ್ಣನೆ ಎಂಜಿನ್ ಹೇಗೆ ಎದ್ದಿತೋ ನಿಮಗೆ ಗೊತ್ತಾಗುವುದಿಲ್ಲ. ಕಾರು ಹೊರಗೆ ತರುವ ಕ್ಷಣದಿಂದಲೇ ಇನ್ಶೂರೆನ್ಸ್ ನಿಮ್ಮ ಹೆಸರಿನಲ್ಲಿ ಶುರುವಾಗಿರಬೇಕು. ಅದನ್ನು ಹಿಂದಿನ ದಿನವೇ ಮಾತಾಡಿ ಮುಗಿಸಿ.

ಯಾವ ದಾರಿ ಹಿಡಿದರೂ ಬರಹದಲ್ಲಿ ಒಂದು ಒಪ್ಪಿಗೆ ಬೇಕೇ ಬೇಕು. ಚಾಸಿ ನಂಬರ್, ಎಲ್ಲ ಸೇರಿ ಕೊಡಬೇಕಾದ ಒಟ್ಟು ಮೊತ್ತ, ಅಡ್ವಾನ್ಸ್ ಎಷ್ಟು, ಕಾರು ಹೇಳಿದಂತೆ ಇಲ್ಲದಿದ್ದರೆ ಆ ಅಡ್ವಾನ್ಸ್ ಪೂರ್ತಿ ವಾಪಸ್, ಯಾವ ದಿನದವರೆಗೆ ಬೇರೆಯವರಿಗೆ ಮಾರುವುದಿಲ್ಲ, ಎರಡನೇ ಕೀಲಿ ಜೊತೆಗಿದೆ. ಇಷ್ಟೂ ಒಂದೇ ಮೆಸೇಜಿನಲ್ಲಿ ಇರಲಿ. ಒಂದು ಶೋರೂಮಿನಲ್ಲಿ ನಾವು ಕೂತ ಮೇಲೆ ‘ನಿರ್ವಹಣೆ ಶುಲ್ಕ’ ಅಂತ ಹೊಸದೊಂದು ಸಾಲು ಬಿಲ್ಲಿಗೆ ಸೇರಿತು. ಫೋನ್ ತೆಗೆದು ಅವರದೇ ಮೆಸೇಜ್ ತೋರಿಸಿದೆ. ಮ್ಯಾನೇಜರ್ ಬಂದು ಆ ಸಾಲನ್ನು ಹೊಡೆದುಹಾಕಿದರು. ಜಗಳವೂ ಆಗಲಿಲ್ಲ, ಹೊತ್ತೂ ಹೋಗಲಿಲ್ಲ.

ಹೊರಡುವ ದಿನ ಇನ್ನೊಂದು ಫೋನ್ ಮಾಡಿ. ಕಾರು ಇನ್ನೂ ಅಲ್ಲೇ ಇದೆಯಾ, ಮೊತ್ತ ಅದೇ ತಾನೇ, ಪೇಪರುಗಳು ಕೈಯಲ್ಲಿವೆಯಾ ಅಂತ ಕೇಳಿ. ಮೂರಕ್ಕೂ ನೇರ ಉತ್ತರ ಬರದೆ, ‘ನೀವು ಬನ್ನಿ, ಇಲ್ಲಿ ಕೂತು ಮಾತಾಡೋಣ’ ಅಂದರೆ ನಾನಂತೂ ಹೊರಡುವುದಿಲ್ಲ.