ಮೂರನೇ ತಾಸಿನಲ್ಲೂ ತಾಳಿ ನಿಲ್ಲುವ ಬೇಸ್ ಯಾವುದು?

ಹೋದ ಬೇಸಿಗೆ ಮದುವೆ ಸೀಸನ್ ಮುಗಿದ ದಿನ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗರು ಚಹಾ ಕುಡಿಯುತ್ತಾ ಒಂದೇ ಮಾತು ಹೇಳಿದರು. “ಅಣ್ಣಾ, ಮುಂದಿನ ವರ್ಷನೂ ಆ ಡಬಲ್ ಹದಿನೆಂಟೇ ತರ್ತೀರಿ ಅಂದ್ರ ನಾವು ಬರಂಗಿಲ್ಲ ನೋಡ್ರಿ.”

ಅವರ ತಪ್ಪೇನೂ ಇಲ್ಲ. ನಾವು ಮದುವೆ, ಜಾತ್ರೆಗೆ ಸೌಂಡ್ ಬಾಡಿಗೆ ಕೊಡುವವರು. ಡಬಲ್ ಹದಿನೆಂಟು ಅಂದರೆ ಹದಿನೆಂಟು ಇಂಚಿನ ಎರಡು ಸ್ಪೀಕರ್ ಇರುವ ಬೇಸ್ ಡಬ್ಬಿ, ಕೆಳಗಿನ ಸ್ವರ ಕೊಡುವುದು. ನಮ್ಮ ಡಬಲ್ ಹದಿನೆಂಟಿನ ಒಂದೊಂದು ಡಬ್ಬಿ ನೂರು ಕೆಜಿಗೆ ಸ್ವಲ್ಪ ಕಮ್ಮಿ. ಕಲಬುರಗಿಯಲ್ಲಿ ಈಗ ಎಷ್ಟೋ ಫಂಕ್ಷನ್ ಹಾಲುಗಳಲ್ಲಿ ಊಟ ಕೆಳಗೆ, ಸ್ಟೇಜ್ ಮೇಲಿನ ಮಹಡಿಯಲ್ಲಿ. ಲಿಫ್ಟ್ ಇರುತ್ತದೆ, ಆದರೆ ಅದು ಬೀಗರಿಗೆ. ನಮಗೆ ಮೆಟ್ಟಿಲು. ಒಂದು ಡಬ್ಬಿಗೆ ನಾಲ್ಕು ಜನ, ಅದರ ಮೇಲೆ ಆಂಪ್ಲಿ ರ‍್ಯಾಕ್ ಬೇರೆ. ಬಾಡಿಗೆಯಲ್ಲಿ ಉಳಿಯುವ ದುಡ್ಡು ಹಮಾಲಿಗೇ ಹೋಗುತ್ತಿತ್ತು.

ಹೀಗಾಗಿ ಆಮೇಲಿನ ಏಳೆಂಟು ತಿಂಗಳು ಬೇರೆ ಬೇರೆ ಬೇಸ್ ತಂದು ನೋಡಿದೆ. ಕೆಲವು ಬಾಡಿಗೆಗೆ, ಒಂದೆರಡು ಗೆಳೆಯರ ಹತ್ತಿರ ಕೇಳಿಕೊಂಡು. ನನ್ನ ಲೆಕ್ಕದಲ್ಲಿ ಸಾಗಿಸಲು ಸುಲಭ ಅಂದರೆ ಇಷ್ಟೇ: ಇಬ್ಬರು ಎತ್ತಬೇಕು, ಟಾಪ್ (ಮೇಲಿನ ಸ್ವರದ ಡಬ್ಬಿ), ಮಿಕ್ಸರ್ ಎಲ್ಲ ಸೇರಿ ಒಂದೇ ಟಾಟಾ ಏಸ್‌ನಲ್ಲಿ ಬರಬೇಕು. ಜೋರು ಅಂದರೆ ಬಯಲಲ್ಲಿ ಐದಾರು ನೂರು ಜನ ಕೂತರೆ ಹಿಂದಿನ ಸಾಲಿನವರಿಗೂ ಡ್ರಮ್ ಎದೆಗೆ ತಟ್ಟಬೇಕು. ಹೋಲಿಕೆಗೆ ಇದ್ದದ್ದು ನಮ್ಮ ಹಳೆಯ ಡಬಲ್ ಹದಿನೆಂಟು, ಇಲ್ಲಿಯ ಬಡಿಗರು ಮಾಡಿದ್ದು. ಕ್ಯೂಎಸ್‌ಸಿ ಕೆಎಸ್118, ಯಮಹಾ ಡಿಎಕ್ಸ್‌ಎಸ್15 ಮಾರ್ಕ್ 2. ಕೆಎಸ್118 ಹದಿನೆಂಟು ಇಂಚಿನದು, ಯಮಹಾ ಹದಿನೈದರದ್ದು, ಎರಡೂ ಪವರ್ಡ್, ಅಂದರೆ ಆಂಪ್ಲಿ ಡಬ್ಬಿಯೊಳಗೇ ಇರುತ್ತದೆ. ಕಡಿಮೆ ರೇಟಿನ ಇನ್ನೊಂದು ಪವರ್ಡ್ ಹದಿನೆಂಟು, ಅದರ ಹೆಸರು ಬೇಡ. ಕೊನೆಗೆ ಸೊಲ್ಲಾಪುರದ ಗೆಳೆಯನ ಹಾರ್ನ್ ಬೇಸ್, ಡಬ್ಬಿಯೊಳಗೆ ಕಹಳೆಯಂಥ ದಾರಿ ಇರುವುದು.

ಮೊದಲು ವ್ಯಾಟ್ ವಿಷಯ ಮುಗಿಸಿಬಿಡುತ್ತೇನೆ, ಯಾಕಂದ್ರೆ ನಮ್ಮ ಕಡೆ ಗಿರಾಕಿ ಬಿಡಿ, ಸೌಂಡ್‌ನವರೇ “ಎಷ್ಟು ವ್ಯಾಟ್ ಅದರಿ?” ಅಂತ ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಕೆಎಸ್118ಕ್ಕೆ ಕಂಪನಿ ಹೇಳುವುದು 3600 ವ್ಯಾಟ್. ಡಿಎಕ್ಸ್‌ಎಸ್15ಕ್ಕೆ 1020. ಮೂರೂವರೆ ಪಟ್ಟು ಫರಕು. ಆದರೆ ಅವೇ ಕಂಪನಿಗಳು ಬರೆದಿರುವ ಗರಿಷ್ಠ ಡೆಸಿಬಲ್ ನೋಡಿ. ಒಂದು 136, ಇನ್ನೊಂದು 135. ಒಂದೇ ಒಂದು ಡೆಸಿಬಲ್! ಸುಳ್ಳು ಯಾರೂ ಹೇಳಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬಲ್ ಮಾತ್ರ. ಅದರ ಮೇಲೆ ಕ್ಷಣಮಾತ್ರ ಕೊಡುವ ಪೀಕ್ ವ್ಯಾಟ್ ಬೇರೆ, ಸತತ ಕೊಡುವ ವ್ಯಾಟ್ ಬೇರೆ. ಇನ್ನು ಸ್ವರ ಅಳೆಯುವುದು ಹರ್ಟ್ಜ್ ಲೆಕ್ಕದಲ್ಲಿ, ಕಮ್ಮಿ ಇದ್ದಷ್ಟೂ ಕೆಳಗಿನ ಸ್ವರ; ಆ 135, 136 ಬಂದದ್ದು 40 ಹರ್ಟ್ಜ್‌ನಲ್ಲೋ 80ರಲ್ಲೋ ಅನ್ನುವುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್, ಐದು ತಂತಿಯದ್ದಾದರೆ 31ರ ತನಕ ಇಳಿಯುತ್ತದೆ. ನಮ್ಮ ಭಜನೆಯ ಡಗ್ಗಾ, ಢೋಲಕ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನೀವು ನುಡಿಸುವುದು ಏನು ಅನ್ನುವುದರ ಮೇಲೆ ಬೇಸ್ ಆರಿಸಬೇಕು, ಅಲ್ವಾ?

ಈಗ ಅಸಲಿ ಪರೀಕ್ಷೆ. ಅಂಗಡಿಯಲ್ಲಿ ಎಸಿ ಹಾಕಿ ಐದು ನಿಮಿಷ ಕೇಳಿಸಿದರೆ ಎಲ್ಲ ಬೇಸೂ ಮಸ್ತ್. ನಮ್ಮ ಕೆಲಸ ಇರುವುದು ಮೇ ತಿಂಗಳ ಕಲಬುರಗಿಯಲ್ಲಿ. ಮಧ್ಯಾಹ್ನ 43 ಡಿಗ್ರಿ, ರಾತ್ರಿ ಒಂಬತ್ತಕ್ಕೂ ಕಲ್ಲು ಕಾದೇ ಇರುತ್ತದೆ. ಅಫಜಲಪುರದ ಕಡೆ ಒಂದು ಹಳ್ಳಿಯ ಜಾತ್ರೆಗೆ ಆ ಹೆಸರು ಬೇಡದ ಪವರ್ಡ್ ಹದಿನೆಂಟು ಎರಡು ಒಯ್ದಿದ್ದೆ. ಆರ್ಕೆಸ್ಟ್ರಾ ಏಳಕ್ಕೆ ಶುರು. ಮೊದಲ ತಾಸು ನಾನೇ ಖುಷಿಯಲ್ಲಿದ್ದೆ, ಜಾತ್ರೆ ಕಮಿಟಿಯ ಗೌಡರು ಬಂದು ಬೆನ್ನು ತಟ್ಟಿ ಹೋದರು. ಎರಡನೇ ತಾಸಿಗೆ ಡ್ರಮ್ಮಿನ ಏಟು ಮೆತ್ತಗಾಯಿತು. ನಾನು ಮಿಕ್ಸರಿನಲ್ಲಿ ಶಬ್ದ ಏರಿಸಿ ಇಳಿಸುವ ಫೇಡರ್ ಏರಿಸಿದೆ. ಅದೇ ತಪ್ಪು. ಒಂಬತ್ತೂವರೆಗೆ ಒಂದು ಡಬ್ಬಿಯ ಹಿಂದೆ ಕೆಂಪು ದೀಪ ಹತ್ತಿ ಅದು ಸುಮ್ನೆ ಕೂತಿತು. ಇನ್ನೊಂದು ಇದ್ದೂ ಇಲ್ಲದ ಹಾಗೆ. ಗೌಡರು ಮತ್ತೆ ಬಂದರು, ಈ ಸಲ ಬೆನ್ನು ತಟ್ಟಲಿಲ್ಲ. “ಏನ್ರಿ ಇದು, ಬೇಸ್ ಊಟಕ್ಕ ಹೋಗ್ಯಾದೇನು?” ಅಂದರು.

ಪೂರ್ತಿ ತಪ್ಪು ಡಬ್ಬಿಯದ್ದಲ್ಲ, ಒಪ್ಪಿಕೊಳ್ಳುತ್ತೇನೆ. ಸ್ಟೇಜ್ ಪೂರ್ವಕ್ಕೆ ಮುಖ ಮಾಡಿತ್ತು, ಡಬ್ಬಿಯ ಬೆನ್ನು ಪಶ್ಚಿಮಕ್ಕೆ. ಮಧ್ಯಾಹ್ನ ಮೂರರಿಂದ ಸಂಜೆ ತನಕ ಆಂಪ್ಲಿಯ ಮೇಲೇ ಬಿಸಿಲು ಬಿದ್ದಿದೆ. ಕಾರ್ಯಕ್ರಮ ಶುರುವಾಗುವ ಮೊದಲೇ ಕೈ ಇಟ್ಟರೆ ಸುಡುತ್ತಿತ್ತು. ಒಂದು ಹಳೆಯ ಚಾದರ ಕಟ್ಟಿ ನೆರಳು ಮಾಡಿದ್ದರೂ ಸಾಕಿತ್ತು.

ಆದರೆ ಮೆತ್ತಗಾಗುವುದಕ್ಕೆ ಇನ್ನೊಂದು ಕಾರಣ ಇದೆ. ಸ್ಪೀಕರಿನೊಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಬಹಳ ಸಲ ತಾಮ್ರದ್ದು. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸುಮಾರು 0.4 ಶೇಕಡಾ ಏರುತ್ತದೆ. ಜೋರಾಗಿ ಹೊಡೆಯುವಾಗ ಕಾಯಿಲ್ 150 ಡಿಗ್ರಿ ಏರಿತು ಅಂದುಕೊಳ್ಳಿ, ರೆಸಿಸ್ಟೆನ್ಸ್ ಒಂದೂವರೆ ಪಟ್ಟು ದಾಟುತ್ತದೆ, ಆಂಪ್ಲಿ ಅಷ್ಟೇ ವೋಲ್ಟೇಜ್ ಕೊಟ್ಟರೂ ಒಳಗೆ ಹೋಗುವ ಪವರ್ ಮೂರರಲ್ಲಿ ಎರಡು ಪಾಲಿಗಿಂತ ಕಮ್ಮಿ ಆಗುತ್ತದೆ. ಆಗ ಫೇಡರ್ ಏರಿಸಿದರೆ ಕಾಯಿಲ್ ಇನ್ನೂ ಕಾಯುತ್ತದೆ, ಅಷ್ಟೇ. ದೊಡ್ಡ ಕಾಯಿಲ್, ಗಾಳಿ ಆಡುವ ಮ್ಯಾಗ್ನೆಟ್ ಇರುವ ಬೇಸ್‌ಗೆ ರೇಟ್ ಜಾಸ್ತಿ ಯಾಕೆ ಅನ್ನುವುದು ನನಗೆ ಆ ರಾತ್ರಿ ಅರ್ಥವಾಯಿತು.

ಇನ್ನು ಕರೆಂಟ್. ಹಳ್ಳಿಯ ಲೈನಿನಲ್ಲಿ ಸಂಜೆ 230 ಇರಬೇಕಾದಲ್ಲಿ 180 ಬರುವುದು ನಮಗೆ ಹೊಸದಲ್ಲ. ನಮ್ಮ ಹಳೆಯ ಟ್ರಾನ್ಸ್‌ಫಾರ್ಮರ್ ಆಂಪ್ಲಿಯಲ್ಲಿ ವೋಲ್ಟೇಜ್ ಇಳಿದ ಹಾಗೆ ಪವರ್ ಅದರ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ. 180ಕ್ಕೆ ಬಂದರೆ ಉಳಿಯುವುದು 60 ಶೇಕಡಾ, ಅಂದರೆ 2 ಡೆಸಿಬಲ್ ಅಲ್ಲೇ ಹೋಯಿತು. 100ರಿಂದ 240 ವೋಲ್ಟ್ ತನಕ ನಡೆಯುವ ಪವರ್ ಸಪ್ಲೈ ಇರುವ ಡಬ್ಬಿಗಳಿಗೆ ಈ ತಕರಾರು ಕಮ್ಮಿ. ಕೆಎಸ್118 ಅಂಥದ್ದು. ಜೇವರ್ಗಿ ಹತ್ತಿರದ ಒಂದು ಕಾರ್ಯಕ್ರಮದಲ್ಲಿ ಮಿಕ್ಸರಿನ ಲೈಟ್ ಕೂಡ ಮಂಕಾಗಿತ್ತು, ಅದು ಮಾತ್ರ ಏನೂ ಆಗದವರ ಹಾಗೆ ಹೊಡೆಯುತ್ತಿತ್ತು. ಆದರೂ ನಾನು ಜನರೇಟರ್ ಇಲ್ಲದೆ ಹಳ್ಳಿ ಕೆಲಸ ಒಪ್ಪುವುದಿಲ್ಲ, ಅದು ಬೇರೆ ಮಾತು.

ಕೆಎಸ್118 47 ಕೆಜಿ. ಇಬ್ಬರಿಗೆ ಸರಿಯಾದ ಭಾರ, ಒಬ್ಬನಿಗೆ ಆಗದು. ಬೆನ್ನಿಗೆ ನಾಲ್ಕು ಗಾಲಿ ಇವೆ, ಹಾಲ್ ತನಕ ಉರುಳಿಸಿಕೊಂಡು ಹೋಗಬಹುದು, ಮೆಟ್ಟಿಲಿಗೆ ಮಾತ್ರ ಎತ್ತಬೇಕು. ಶಬ್ದ ಆಳಕ್ಕೆ ಇಳಿಯುತ್ತದೆ. ಆರ್ಕೆಸ್ಟ್ರಾದವರ ಕೀಬೋರ್ಡ್ ಬೇಸ್ ಎಳೆದು ಹಿಡಿದಾಗ ನೆಲ ನಡುಗಿದ ಹಾಗೆ ಆಗುತ್ತದೆ, ಆದರೂ ಮುಂದಿನ ಸಾಲಿನ ಅಜ್ಜಂದಿರು ಕಿವಿ ಮುಚ್ಚಿಕೊಳ್ಳುವುದಿಲ್ಲ. ಮೂರನೇ ತಾಸಿನಲ್ಲೂ ನನಗೆ ಫೇಡರ್ ಮುಟ್ಟುವ ಕೆಲಸ ಬರಲಿಲ್ಲ. ಇದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇಲ್ಲ.

ಡಿಎಕ್ಸ್‌ಎಸ್15 36 ಕೆಜಿ. ಹನ್ನೊಂದು ಕೆಜಿ ಏನು ಮಹಾ ಅನ್ನಬೇಡಿ, ರಾತ್ರಿ ಒಂದು ಗಂಟೆಗೆ ಮೆಟ್ಟಿಲು ಇಳಿಸುವವನನ್ನು ಕೇಳಿ. ಇದರಲ್ಲಿ ಬೂಸ್ಟ್ ಅಂತ ಒಂದು ಸ್ವಿಚ್, ಕೆಳಗಿನ ಸ್ವರ ಹಿಗ್ಗಿಸುವ ಇನ್ನೊಂದು ಆಯ್ಕೆ. ಬಯಲಲ್ಲಿ ಬೂಸ್ಟ್ ಹಾಕಿದೆ. ಢೋಲಕ್, ಪ್ಯಾಡ್, ಹಲಗೆ ಎಲ್ಲ ಚಟ್ ಚಟ್ ಅಂತ ಬಿಡಿಬಿಡಿಯಾಗಿ ಕೇಳುತ್ತವೆ. ಹಾಲಿನೊಳಗೆ ಮುನ್ನೂರು ಜನರ ಮದುವೆಗೆ ಎರಡು ಡಬ್ಬಿ ಬೇಕಾದಷ್ಟಾಯಿತು. ಬಯಲಿನ ಆರ್ಕೆಸ್ಟ್ರಾಗೆ ಅದೇ ಎರಡು ಇಟ್ಟಾಗ ಶಬ್ದ ಸಾಲಲಿಲ್ಲ ಅಂತಲ್ಲ, ಆಳ ಸಾಲಲಿಲ್ಲ. ಹದಿನೈದು ಇಂಚು ಹದಿನೈದೇ, ಅದರಿಂದ ಹದಿನೆಂಟರ ಕೆಲಸ ಕೇಳಿದವನು ನಾನು.

ಕಳೆದ ಶ್ರಾವಣದಲ್ಲಿ ತತ್ವಪದದ ಭಜನೆ ಇತ್ತು, ಊರ ಮಠದಲ್ಲಿ, ಏಕತಾರಿ, ತಾಳ, ಢೋಲಕ್, ಹಾರ್ಮೋನಿಯಂ. ಅಲ್ಲಿಗೆ ಒಂದೇ ಒಂದು ಹದಿನೈದು ಒಯ್ದೆ, ಅದೂ ಅರ್ಧಕ್ಕಿಂತ ಕೆಳಗೆ. ಹಾಡುವ ಹಿರಿಯರು “ತಮ್ಮಾ, ಆ ಡಬ್ಬಿ ಚಾಲೂ ಅದ ಏನು?” ಅಂತ ಕೇಳಿದರು. ಬಂದ್ ಮಾಡಿ ತೋರಿಸಿದೆ. “ಇರ್ಲಿ, ಹಚ್ಚು ಹಚ್ಚು” ಅಂದರು. ಭಜನೆಗೆ ಬೇಸ್ ಹೀಗೇ ಇರಬೇಕು, ಇದ್ದಾಗ ಗೊತ್ತಾಗಬಾರದು, ತೆಗೆದಾಗ ಗೊತ್ತಾಗಬೇಕು. ಆ ಕೆಲಸಕ್ಕೆ ಕೆಎಸ್118 ದಂಡ.

ಹಾರ್ನ್ ಬೇಸ್ ಬಗ್ಗೆ ಉದ್ದ ಬರೆಯುವುದಿಲ್ಲ. ದೂರ ಹೊಡೆಯುತ್ತದೆ, ಅದೇ ವ್ಯಾಟಿಗೆ ಜಾಸ್ತಿ ಶಬ್ದ ಕೊಡುತ್ತದೆ, ಮೆರವಣಿಗೆ ಲಾರಿಯವರು ಬಿಡದೆ ಇಟ್ಟುಕೊಂಡಿರುವುದು ಸುಮ್ನೆ ಅಲ್ಲ. ಆದರೆ ಒಂದೊಂದು ಕಪಾಟಿನಷ್ಟು ದೊಡ್ಡದು. ನಾಲ್ಕು ಒಟ್ಟಿಗೆ ಪೇರಿಸಿದರೆ ಮಾತ್ರ ಆಳದ ಸ್ವರ ಬರುತ್ತದೆ, ಒಂದೋ ಎರಡೋ ಇಟ್ಟರೆ ಬರೀ ಒರಟು. ಟಾಟಾ ಏಸ್ ನೋಡಿಯೇ ನನ್ನ ಗೆಳೆಯ ನಕ್ಕ.

ನಮ್ಮ ಹಳೆಯ ಡಬಲ್ ಹದಿನೆಂಟನ್ನೂ ಬೈದು ಬಿಡುವ ಹಾಗಿಲ್ಲ. ಒಂದು ಒಳ್ಳೆಯ ಪವರ್ಡ್ ಬೇಸಿನ ದುಡ್ಡಿನಲ್ಲಿ ಅಂಥವು ಒಂದಕ್ಕಿಂತ ಜಾಸ್ತಿ ಆಗುತ್ತವೆ. ಕಾಯಿಲ್ ಸುಟ್ಟರೆ ಸ್ಪೀಕರ್ ಬಿಚ್ಚಿ ಕೊಟ್ಟರೆ ಎರಡು ದಿನದಲ್ಲಿ ರೀಕೋನ್ ಆಗಿ, ಅಂದರೆ ಹೊಸ ಕೋನ್, ಕಾಯಿಲ್ ಹಾಕಿಸಿಕೊಂಡು ಬರುತ್ತದೆ, ಆಂಪ್ಲಿ ಕೆಟ್ಟರೆ ಇನ್ನೊಂದು ಆಂಪ್ಲಿ ಹಚ್ಚಿ ಕಾರ್ಯಕ್ರಮ ಮುಗಿಸಬಹುದು. ಪವರ್ಡ್ ಡಬ್ಬಿಯ ಆಂಪ್ಲಿ ಹೋದರೆ ಸ್ಪೀಕರ್ ಚೆನ್ನಾಗಿದ್ದರೂ ಡಬ್ಬಿ ಇಡೀ ಬಂದ್. ಮದುವೆ ಸೀಸನ್ನಿನ ನಡುವೆ ಅದು ಸರ್ವೀಸಿಗೆ ಹೋಗಿ ಕೂತರೆ ಗಿರಾಕಿಗೆ ಏನು ಹೇಳುವುದು? ಹೀಗಾಗಿ ಪವರ್ಡ್ ತಗೊಂಡರೂ ಜೋಡಿಯೇ ತಗೊಳ್ಳಿ. ಹಳೆಯ ಡಬ್ಬಿಯಲ್ಲಿ ಒಂದು ಮಾತು ಮರೆಯಬೇಡಿ: 35 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಸ್ವರ ಪಾಲು ಮಾಡುವ ಕ್ರಾಸ್‌ಓವರಿನಲ್ಲಿ ಕತ್ತರಿಸಿ. ಡಬ್ಬಿಯ ಗಾಳಿ ತೂತಾದ ಪೋರ್ಟಿನ ಟ್ಯೂನಿಂಗ್‌ಗಿಂತ ಕೆಳಗೆ ಹೋದರೆ ಕೋನಿಗೆ ಹಿಡಿತ ತಪ್ಪುತ್ತದೆ. ಶಬ್ದ ಏನೂ ಬರುವುದಿಲ್ಲ, ಕೋನ್ ಮಾತ್ರ ಹುಚ್ಚು ಹಿಡಿದ ಹಾಗೆ ಕುಣಿದು ಹರಿಯುತ್ತದೆ. ನಾನು ಎರಡು ಹರಿಸಿಕೊಂಡ ಮೇಲೆ ಕಲಿತೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಸಿಟ್ಟು ಬಂದದ್ದು ನನ್ನ ಮೇಲೇ. ಹತ್ತು ವರ್ಷ ಬೇಸ್ ಡಬ್ಬಿಗಳನ್ನು ಸ್ಟೇಜಿನ ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದೇನೆ, ಫೋಟೊದಲ್ಲಿ ಚಂದ ಕಾಣಲಿ ಅಂತ. 50 ಹರ್ಟ್ಜ್ ಅಲೆ ಸುಮಾರು 7 ಮೀಟರ್ ಉದ್ದ. ಎರಡು ಡಬ್ಬಿಗಳ ದೂರದಲ್ಲಿ ಮೂರೂವರೆ ಮೀಟರ್ ಫರಕು ಬರುವ ಜಾಗದಲ್ಲಿ ಕೂತವರಿಗೆ ಒಂದರ ಬೇಸ್ ಇನ್ನೊಂದರ ಬೇಸನ್ನು ತಿಂದುಬಿಡುತ್ತದೆ. ನಡುವಿನ ದಾರಿಯಲ್ಲಿ ನಿಂತವನಿಗೆ ಎದೆ ಒಡೆಯುತ್ತದೆ, ಬದಿಯ ಸೋಫಾದಲ್ಲಿ ಕೂತ ಬೀಗರು ಬೇಸ್ ಇಲ್ಲ ಅಂತ ಹೇಳಿ ಕಳಿಸುತ್ತಾರೆ. ಇಬ್ಬರೂ ಹೇಳುವುದು ನಿಜ. ಅದೇ ಎರಡನ್ನು ಸ್ಟೇಜಿನ ಮುಂದೆ ನಡುವೆ ಒಟ್ಟಿಗೆ ಇಟ್ಟರೆ ಒಂದಕ್ಕಿಂತ 6 ಡೆಸಿಬಲ್ ಜಾಸ್ತಿ, ಅದೂ ಎಲ್ಲ ಕಡೆಗೂ ಹತ್ತಿರ ಹತ್ತಿರ ಒಂದೇ ಸಮ. ಡೆಕೊರೇಶನ್‌ನವರ ಜೊತೆ ಜಗಳ ಆಗುತ್ತದೆ, ಹೂವಿನ ಕುಂಡ ಅಲ್ಲೇ ಬೇಕು ಅವರಿಗೆ. ಆದರೂ ಬಿಡಬೇಡಿ.

ಸ್ಟೇಜಿನ ಹಿಂದೆ ಮನೆಗಳಿದ್ದರೆ ಇನ್ನೊಂದು ರೀತಿ. ಎರಡು ಡಬ್ಬಿ ಒಂದರ ಹಿಂದೆ ಒಂದು, ನಡುವೆ ಸುಮಾರು 1.4 ಮೀಟರ್. ಹಿಂದಿನದಕ್ಕೆ ಪೊಲಾರಿಟಿ ಉಲ್ಟಾ (ಪ್ಲಸ್ ಮೈನಸ್ ಅದಲು ಬದಲು), 4 ಮಿಲಿಸೆಕೆಂಡ್ ಡಿಲೇ, ಅಂದರೆ ಅಷ್ಟು ತಡ. ಹಿಂದೆ ಹೋಗುವ ಬೇಸ್ ಬಹಳಷ್ಟು ಸಾಯುತ್ತದೆ, ಮುಂದಕ್ಕೂ ಸ್ವಲ್ಪ ಕಮ್ಮಿಯಾಗುತ್ತದೆ. ನಾನು ಇದನ್ನು ಮಾಡುವುದು ರಾತ್ರಿ ಹತ್ತರ ಹತ್ತಿರ ಬರುವ ಕೆಲಸಗಳಿಗೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬಂದ್. ಹಬ್ಬ ಜಾತ್ರೆಗೆ ಸರಕಾರ ವರ್ಷಕ್ಕೆ 15 ದಿನ ಮೀರದಂತೆ 12ರ ತನಕ ಸಡಿಲ ಮಾಡಬಹುದು, ಅಷ್ಟೇ. ಪೊಲೀಸರಿಗೆ ಫೋನ್ ಹೋಗುವುದು ಸಾಮಾನ್ಯವಾಗಿ ಹಿಂದಿನ ಮನೆಯಿಂದಲೇ, ಮುಂದೆ ಕೂತವರಿಂದ ಅಲ್ಲ.

ಕೊನೆಗೆ ತಗೊಂಡದ್ದು ಕೆಎಸ್118ರ ಜೋಡಿ. ಹಾಲಿನ ಮದುವೆಗಳೇ ಜಾಸ್ತಿ ಇರುವವರಾದರೆ ನಾನು ಹದಿನೈದರ ಜೋಡಿ ಅನ್ನುತ್ತೇನೆ, ಯೋಚನೆ ಬೇಡ. ನನಗೆ ವರ್ಷದಲ್ಲಿ ಅರ್ಧ ಕೆಲಸ ಬಯಲಲ್ಲಿ, ಆಳಂದ, ಸೇಡಂ, ಚಿಂಚೋಳಿ ಕಡೆ, ಹೀಗಾಗಿ ಹನ್ನೊಂದು ಕೆಜಿ ಜಾಸ್ತಿ ಹೊರುವುದೇ ಸರಿ ಅನ್ನಿಸಿತು. ಭಜನೆಗೆ ಹದಿನೈದು ಒಂದನ್ನು ಬಾಡಿಗೆಗೆ ತರುತ್ತೇನೆ. ಹುಡುಗರು ಬಿಟ್ಟು ಹೋಗಿಲ್ಲ.

ಡಬಲ್ ಹದಿನೆಂಟರಲ್ಲಿ ಒಂದನ್ನು ಜಾತ್ರೆಗೆ ಅಂತ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಾರಾಟಕ್ಕಿದೆ, ಕೋನ್ ಹೊಸದು, ಶಬ್ದಕ್ಕೆ ನಾನು ಜವಾಬ್ದಾರಿ. ಒಯ್ಯುವವರು ನಾಲ್ಕು ಜನ ಕರೆದುಕೊಂಡೇ ಬರಬೇಕು, ನಮ್ಮ ಹುಡುಗರು ಅದಕ್ಕೆ ಕೈ ಹಚ್ಚುವುದಿಲ್ಲ.